ಬರ್ಬರನಿಗೆ ಕಣ್ಣು ಬಂದ ಬೆಳಗು

ಟಿಣ್.

ಗಾಜಿಗೆ ಗಾಜು ತಾಕಿದಷ್ಟೇ ಸದ್ದು. ಯಶೋಧಾ ಹಾಸಿಗೆಯಲ್ಲಿ ಎದ್ದು ಕುಳಿತಳು. ಗಂಟೆ ಒಂದೂ ಕಾಲು. ಹೊಸನಗರದ ಆ ಕಾಲೇಜಿನ ಗ್ರಂಥಾಲಯಕ್ಕೂ ಗ್ರಂಥಪಾಲಕಿಯಾದ ಅವಳ ಬಾಡಿಗೆ ಮನೆಗೂ ನಡುವೆ ಇದ್ದದ್ದು ಒಂದು ಕಾಂಪೌಂಡ್ ಗೋಡೆ. ಬೆಕ್ಕಿರಬೇಕು ಅಂದುಕೊಂಡಳು. ಬೆಕ್ಕಲ್ಲ ಎಂದೂ ಅಂದುಕೊಂಡಳು. ಮಲಗುವ ಮುಂಚೆ ಗ್ಯಾಸಿನ ವಾಲ್ವನ್ನು ಮೂರು ಸಲ ಮುಟ್ಟಿ ನೋಡುವ ಹೆಂಗಸಿಗೆ ಎರಡೂ ಒಟ್ಟಿಗೇ ಅನ್ನಿಸುವುದು ಹೊಸತಲ್ಲ. ಮತ್ತೆ ಸದ್ದಾಗಲಿಲ್ಲ. ಹೊರಗೆ ಹೋಗಿ ನೋಡುವ ಧೈರ್ಯವೂ ಆಗಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಅಟೆಂಡರ್ ದುಗ್ಗಪ್ಪ ಗ್ರಂಥಾಲಯದ ಬೀಗ ತೆಗೆದ. ಎರಡು ಹೆಜ್ಜೆ ಒಳಗಿಟ್ಟವನು ಅಲ್ಲೇ ನಿಂತ.

"ಮೇಡಮ್, ನಮ್ಮ ರಾಕ್ಷಸ ನೋಡ್ತಾ ಇದಾನೆ."

ರಾಕ್ಷಸ ಎಂದರೆ ಎದುರು ಗೋಡೆಯ ಚಿತ್ರ. ಆರಡಿ ಎತ್ತರದ ಪ್ಲೈವುಡ್ ಹಲಗೆಯ ಮೇಲೆ ಎನಾಮಲ್ ಬಣ್ಣ. ಸೊಂಟಕ್ಕೆ ಮೃಗದ ಚರ್ಮ ಸುತ್ತಿಕೊಂಡ ಬರ್ಬರನೊಬ್ಬ ಪುಸ್ತಕದ ರಾಶಿಗಳ ನಡುವೆ ಕುಳಿತಿದ್ದಾನೆ. ತೊಡೆಯ ಮೇಲೆ ಅಗಲ ಕತ್ತಿ, ಕೈಯಲ್ಲಿ ಬಿಚ್ಚಿದ ಪುಸ್ತಕ. ತೀರ್ಥಹಳ್ಳಿಯಲ್ಲಿ ನಾರಾಯಣಮೂರ್ತಿ ಎಂಬವರು ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿ ಇಟ್ಟಿದ್ದರು. ಮೂವತ್ತೆಂಟು ವರ್ಷ ಅದು ಅವರ ಅಂಗಡಿಯ ಗೋಡೆಯಲ್ಲಿತ್ತು. ಅವರು ತೀರಿಕೊಂಡ ಮೇಲೆ ಮನೆಯವರು ಪುಸ್ತಕಗಳ ಜೊತೆ ಚಿತ್ರವನ್ನೂ ಕಾಲೇಜಿಗೆ ಕೊಟ್ಟಿದ್ದರು. ಬರೆದವರ ಹೆಸರು ಎಲ್ಲೂ ಇರಲಿಲ್ಲ. ಬರ್ಬರನ ಕಣ್ಣೊಳಗೆ ಪಾಪೆಯೂ ಇರಲಿಲ್ಲ. ಎರಡು ಬಿಳಿ ಗುಳಿ ಮಾತ್ರ.

ಈಗ ಇತ್ತು. ಎರಡೂ ಕಣ್ಣಲ್ಲಿ ಕಪ್ಪು ಪಾಪೆ, ಅದರೊಳಗೆ ಎಳ್ಳಿನಷ್ಟು ಬೆಳಕು.

ಮರುದಿನ ವಿಚಾರ ಸಂಕಿರಣ. ಇಂಗ್ಲಿಷ್ ವಿಭಾಗದ ದೀಪ್ತಿಯ ಪ್ರಬಂಧದ ಹೆಸರು 'ಕುರುಡ ಬರ್ಬರ: ಜ್ಞಾನ, ಅಧಿಕಾರ ಮತ್ತು ಕಸಿದುಕೊಂಡ ನೋಟ'. ಈ ಹೆಸರಿನ ಪೋಸ್ಟರು ನಾಲ್ಕು ದಿನದಿಂದ ಜಗಲಿಯ ಕಂಬ ಕಂಬದ ಮೇಲಿತ್ತು. ಬರ್ಬರನೆಂದರೆ ನಾಗರಿಕತೆ ತನ್ನ ಅನುಕೂಲಕ್ಕೆ ಕಟ್ಟಿಕೊಂಡ 'ಅನ್ಯ', ಅವನನ್ನು ಎಲ್ಲರೂ ನೋಡಬಹುದು, ಅವನು ಯಾರನ್ನೂ ನೋಡುವಂತಿಲ್ಲ, ಆದ್ದರಿಂದಲೇ ಕಣ್ಣು ಖಾಲಿ ಎಂಬುದು ದೀಪ್ತಿಯ ವಾದ. ಅವನ ಎಡಗಾಲು ಕೆಳಗಿನ ಪುಸ್ತಕಕ್ಕೆ ತಾಗದೆ ಗೇಣು ಮೇಲೆ ನಿಂತಿರುವುದೂ ಜ್ಞಾನದ ಮುಂದೆ ಅನಾಗರಿಕನ ಹಿಂಜರಿಕೆ ಎಂದು ಬರೆದಿದ್ದಳು.

ಯಶೋಧಾ ಹೋಗಿ ಪ್ರಾಂಶುಪಾಲ ಮಧುಸೂದನರನ್ನು ಕರೆತರುವಷ್ಟರಲ್ಲಿ ದುಗ್ಗಪ್ಪ ತನ್ನ ಅಭ್ಯಾಸದಂತೆ ಮೇಜು ಒರೆಸಿ, ಅಸ್ತವ್ಯಸ್ತವಾಗಿದ್ದುದನ್ನೆಲ್ಲ ಸರಿಮಾಡಿ ಇಟ್ಟಿದ್ದ. ಅದೇ ಅವನಿಗೆ ಮುಳುವಾಯಿತು. ಸಾಕ್ಷ್ಯ ಅಳಿಸಿದ್ದಾನೆ ಎಂದರು ಪ್ರಾಂಶುಪಾಲರು. ಬೀಗದ ಕೈ ಇರುವುದು ಎರಡೇ: ಒಂದು ಯಶೋಧಾಳದು, ಒಂದು ಅವನದು. ಬೀಗ ಮುರಿದಿಲ್ಲ, ಕಿಟಕಿಗಳಿಗೆ ಸರಳಿದೆ. ಹಿಂದಿನ ಸ್ಟೋರ್ ರೂಮಿನಲ್ಲಿ ವರ್ಷಕ್ಕೊಮ್ಮೆ ಸಾಗರದಿಂದ ಬರುವ ಬೈಂಡಿಂಗ್ ಜಟ್ಟಪ್ಪ ಮಲಗಿದ್ದ, ನಿಜ. ಆದರೆ ಆ ಬಾಗಿಲಿಗೆ ಗ್ರಂಥಾಲಯದ ಕಡೆಯಿಂದ ದೊಡ್ಡ ಬೀರು ಅಡ್ಡವಿತ್ತು.

ಹಾಳು ಮಾಡಿದವರು ಯಾರೆಂದು ತಿಳಿಯಲೇಬೇಕು ಎಂದು ದೀಪ್ತಿ ಲಿಖಿತ ದೂರು ಕೊಟ್ಟಳು. ಸಂಜೆ ನಾಲ್ಕರೊಳಗೆ ಒಪ್ಪಿಕೊಳ್ಳದಿದ್ದರೆ ಪೊಲೀಸರಿಗೆ ಹೇಳುವುದಾಗಿ ಮಧುಸೂದನ ದುಗ್ಗಪ್ಪನಿಗೆ ತಿಳಿಸಿದರು. ಅವನು ಹದಿನೆಂಟು ವರ್ಷದಿಂದ ಹಂಗಾಮಿ. ಕಾಯಂ ಆಗುವ ಪತ್ರ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು.

"ನಾನ್ಯಾಕೆ ಬರೀಲಿ ಸಾರ್? ಅವ್ನು ನೋಡ್ದೆ ಇದ್ದಾಗ್ಲೇ ನಂಗೆ ಭಯ ಇತ್ತು" ಎಂದ ದುಗ್ಗಪ್ಪ. ಯಾರೂ ನಗಲಿಲ್ಲ.

ಯಶೋಧಾ ಚೀಲದೊಳಗೆ ತನ್ನ ಬೀಗದ ಕೈ ಇದೆಯೇ ಎಂದು ಮುಟ್ಟಿ ನೋಡಿದಳು. ಇತ್ತು. ಹಾಗಿದ್ದರೆ ಉಳಿದವನು ದುಗ್ಗಪ್ಪ. ಆದರೆ ಪುಸ್ತಕದ ಬೆನ್ನಿಗೆ ಲೇಬಲ್ಲನ್ನು ನೇರವಾಗಿ ಅಂಟಿಸಲಾರದ ಕೈ ಅವನದು. ಸ್ಟೂಲು ಹತ್ತಿ ಚಿತ್ರವನ್ನು ಹತ್ತಿರದಿಂದ ನೋಡಿದಳು. ಒಂದೇ ಎಳೆತದಲ್ಲಿ ಬಂದ ಗೆರೆ. ನಡುಕವಿಲ್ಲ, ತಿದ್ದಿದ ಗುರುತಿಲ್ಲ. ಕಿಡಿಗೇಡಿಗಳು ಇಷ್ಟು ಶ್ರದ್ಧೆಯಿಂದ ಕೆಲಸ ಮಾಡುತ್ತಾರೆಯೇ?

ಇತಿಹಾಸ ವಿಭಾಗದ ನಿರಂಜನನನ್ನು ಸ್ಟಾಫ್ ರೂಮಿನಲ್ಲಿ ಹಿಡಿದಳು. ಐದು ರೂಪಾಯಿಯ ಸ್ಕೆಚ್ ಪೆನ್ ಕೊಟ್ಟರೆ ದೀಪ್ತಿಯ ಇಡೀ ಸಿದ್ಧಾಂತವನ್ನು ಕೆಡವುತ್ತೇನೆ ಎಂದು ಹೋದ ವಾರ ಎಲ್ಲರೆದುರು ಆಡಿಕೊಂಡವನು ಅವನು.

"ಆ ಮಾತು ನಂದೇ" ಎಂದ. "ಕೈ ಮಾತ್ರ ನಂದಲ್ಲ. ನನ್ನ ಹತ್ರ ಭಾರತದ ನಕಾಶೆ ಬರೆಸಿ ನೋಡಿ ಮೇಡಮ್, ಶ್ರೀಲಂಕಾ ಮೇಲಕ್ಕೆ ಹೋಗಿರುತ್ತೆ."

"ರಾತ್ರಿ ಎಲ್ಲಿದ್ರಿ?"

"ನಿಟ್ಟೂರಲ್ಲಿ, ಮಾವನ ಮನೇಲಿ. ಬೆಳಿಗ್ಗೆ ಬಸ್ಸಿಗೆ ಬಂದೆ. ಕಂಡಕ್ಟರನ್ನ ಕೇಳಿ, ಚಿಲ್ಲರೆಗೆ ಜಗಳ ಆಡಿದೀನಿ."

ಅವಳು ಹಿಂತಿರುಗಿ ದುಗ್ಗಪ್ಪನನ್ನು ಕೂರಿಸಿಕೊಂಡು ನಿಧಾನವಾಗಿ ಕೇಳಿದಳು. ಬೆಳಿಗ್ಗೆ ಏನೇನು ಸರಿಮಾಡಿದೆ?

ಚಿತ್ರದ ಎದುರಿನ ಕುರ್ಚಿಗಳನ್ನು ಯಾರೋ ಎರಡೂ ಬದಿಗೆ ಸರಿಸಿದ್ದರಂತೆ. ವಾಪಸ್ ಸಾಲಾಗಿ ಇಟ್ಟ. ಗಾಜು ಹಾಸಿದ ಓದುವ ಮೇಜಿನ ಮೇಲೆ ಒಂದು ಚೂರು ಬೆಲ್ಲ, ಇರುವೆ ಹತ್ತಿತ್ತು; ಒರೆಸಿದ.

"ಮತ್ತೆ?"

"ಕೈ ತೊಳಿಯೋ ಜಾಗದ ಕನ್ನಡಿ ಮೇಡಮ್. ಮೇಜಿನ್ ಮೇಲಿತ್ತು, ನಿಘಂಟಿಗೆ ಒರಗಿಸಿದ್ರು. ತಗೊಂಡೋಗಿ ಮೊಳೆಗೆ ಹಾಕ್ದೆ."

"ಕನ್ನಡಿ ಯಾವ ಕಡೆ ಮುಖ ಮಾಡಿತ್ತು? ಬಾಗಿಲ ಕಡೆನಾ?"

ದುಗ್ಗಪ್ಪ ಯೋಚಿಸಿದ. "ಇಲ್ಲ. ರಾಕ್ಷಸನ ಕಡೆ."

ಟಿಣ್ — ಮೇಜಿನ ಗಾಜಿಗೆ ಕನ್ನಡಿ.

ಯಶೋಧಾಳಿಗೆ ಬಾಲ್ಯದ ಆನಂದಪುರ ನೆನಪಾಯಿತು. ಆಗ ಅವಳಿಗೆ ಏಳು ವರ್ಷ. ದೇವಸ್ಥಾನದಲ್ಲಿ ಹೊಸ ಮೂರ್ತಿಯ ಪ್ರತಿಷ್ಠೆ. ಶಿಲ್ಪಿ ಕಣ್ಣು ಬಿಡಿಸುವ ಹೊತ್ತಿಗೆ ಎದುರು ನಿಂತಿದ್ದ ಅವಳನ್ನು ಅಜ್ಜಿ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಿದ್ದಳು. ಮೊದಲ ದೃಷ್ಟಿ ಮನುಷ್ಯರ ಮೇಲೆ ಬೀಳಬಾರದು, ಕನ್ನಡಿಯ ಮೇಲೆ ಬೀಳಬೇಕು. ರಟ್ಟೆಯ ಆ ನೋವು ಅವಳಿಗೆ ಈಗಲೂ ನೆನಪಿತ್ತು.

ಎದ್ದು ಬೀರುವಿನ ಹತ್ತಿರ ಹೋದಳು. ನಾಲ್ಕು ದಿನದ ಹಿಂದೆ ಅದರೊಳಗಿನ ಹಳೆಯ ಪುಸ್ತಕಗಳನ್ನೆಲ್ಲ ಬೈಂಡಿಂಗಿಗೆಂದು ತೆಗೆದುಕೊಟ್ಟವಳು ತಾನೇ. ಅಂಗೈಯಿಂದ ತಳ್ಳಿದಳು. ಖಾಲಿ ಬೀರು ಸದ್ದಿಲ್ಲದೆ ಸರಿಯಿತು.

ಜಟ್ಟಪ್ಪ ಹಿಂದಿನ ಜಗಲಿಯಲ್ಲಿ ಕುಳಿತು ದೀಪ್ತಿಯ ಹಳೆಯ ಥೀಸಿಸ್ಸಿನ ಬೆನ್ನಿಗೆ ಅಂಟು ಸವರುತ್ತಿದ್ದ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ವರ್ಷಾ ವರ್ಷಾ ಬರುತ್ತಿದ್ದ. ಸಾಗರದ ಗುಡಿಗಾರರ ಮನೆಯವನು, ಗಂಧದ ಕೆತ್ತನೆಯ ಕುಲದವನು, ಆದರೂ ಯಾಕೆ ಬೈಂಡಿಂಗಿಗೆ ಬಂದ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಅವನ ತಲೆಯ ಮೇಲಿನ ಕಂಬದಲ್ಲಿ ಪೋಸ್ಟರು: ಕುರುಡ ಬರ್ಬರ.

"ಜಟ್ಟಪ್ಪನವರೇ, ಪುಸ್ತಕಕ್ಕೆ ಕಾಲು ತಾಗಿದ್ರೆ ಏನು ಮಾಡ್ತೀರಿ?"

"ಮುಟ್ಟಿ ಕಣ್ಣಿಗೊತ್ಕೊಳ್ತೀನಿ. ಎಲ್ಲರೂ ಮಾಡದು ಅದೇ ಅಲ್ವಾ ಅಮ್ಮಾ?"

"ಅದಕ್ಕೇ ಚಿತ್ರದಲ್ಲಿ ಅವನ ಕಾಲನ್ನ ಪುಸ್ತಕಕ್ಕೆ ತಾಗದ ಹಾಗೆ ಮೇಲೆ ನಿಲ್ಲಿಸಿದ್ರಿ."

ಬ್ರಷ್ಷು ನಿಂತಿತು. ಅವನು ಅದನ್ನು ಅಂಟಿನ ಡಬ್ಬಿಯೊಳಗೆ ಇಳಿಸಿಟ್ಟ. ಆಮೇಲೆ ಹೇಳಿದ.

ಆಗ ಅವನಿಗೆ ಇಪ್ಪತ್ನಾಲ್ಕು. ನಾರಾಯಣಮೂರ್ತಿಗಳು ವಿದೇಶಿ ಚಿತ್ರಕಥೆಯ ಪುಸ್ತಕವೊಂದನ್ನು ತೋರಿಸಿ, ಇಂಥವನೊಬ್ಬ ನನ್ನ ಅಂಗಡಿಯಲ್ಲಿ ಕೂತು ಓದಬೇಕು ಎಂದಿದ್ದರು. ಹಲಗೆಯನ್ನು ಸಾಗರದ ಮನೆಗೇ ತಂದು ಬರೆದ. ಮನೆಯ ಪದ್ಧತಿಯಂತೆ ಕಣ್ಣು ಕೊನೆಗೆ. ಆ ದಿನ ಅಪ್ಪ ಬಂದು ಕೈ ಹಿಡಿದರು. ಯಾವ ರೂಪಕ್ಕೆ ಕಣ್ಣು ಬಿಡಿಸುತ್ತೀಯೋ ಅದನ್ನು ಕೊನೆತನಕ ನೋಡಿಕೊಳ್ಳಬೇಕು ಎಂದರು. ಈ ಕಾಡುಪ್ರಾಣಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಬಿಡಿಸುವುದಿಲ್ಲ ಎಂದು ತಮ್ಮ ಉಳಿಯ ಮೇಲೆ ಕೈಯಿಡಿಸಿ ಆಣೆ ಮಾಡಿಸಿಕೊಂಡರು. ಹಲಗೆ ಹಾಗೇ ತೀರ್ಥಹಳ್ಳಿಗೆ ಹೋಯಿತು. ಜಟ್ಟಪ್ಪ ಮತ್ತೆ ಉಳಿ ಮುಟ್ಟಲಿಲ್ಲ.

"ಇಷ್ಟು ವರ್ಷ ತಡ್ಕೊಂಡಿದ್ದೆ" ಎಂದ. "ಈ ಸಲ ಬಂದು ನೋಡಿದ್ರೆ ಅವನ್ನ ಕುರುಡ ಅಂತ ಕಂಬ ಕಂಬಕ್ಕೆ ಅಂಟಿಸಿದಾರೆ. ಅವ ಓದ್ತಾ ಇದಾನಮ್ಮ. ಕುರುಡ ಅಲ್ಲ."

"ದುಗ್ಗಪ್ಪನ ಕೆಲಸ ಹೋಗ್ತದೆ."

"ಈಗ್ಲೇ ಬಂದು ಹೇಳ್ತೀನಿ." ಎದ್ದ. ಮತ್ತೆ ಕುಳಿತ. "ಅಪ್ಪ ಇದಾರೆ. ತೊಂಬತ್ತೆರಡು. ದಿನಾ ಬೆಳಿಗ್ಗೆ ಆ ಉಳೀನೇ ಮಸೀತಾರೆ. ಅವರಿಗೆ ಮಾತ್ರ ಗೊತ್ತಾಗೋದು ಬೇಡ."

ಪ್ರಾಂಶುಪಾಲರಿಗೆ ಗೊತ್ತಾದರೆ ಪೇಪರಿನವರಿಗೆ ಗೊತ್ತಾಗುತ್ತದೆ. ಪೇಪರಿನವರಿಗೆ ಗೊತ್ತಾದರೆ ಸಾಗರಕ್ಕೆ. ಯಶೋಧಾ ಗಡಿಯಾರ ನೋಡಿದಳು. ಮೂರೂ ಹತ್ತು.

ದೀಪ್ತಿ ಖಾಲಿ ತರಗತಿಯೊಂದರಲ್ಲಿ ಪ್ರಬಂಧದ ಹಾಳೆಗಳನ್ನು ಹರವಿಕೊಂಡು ಕುಳಿತಿದ್ದಳು. ಅತ್ತಿದ್ದಳು ಎಂದು ಕಾಣುತ್ತಿತ್ತು.

"ನಾಲ್ಕನೇ ಪುಟದ ಮೊದಲ ಸಾಲು ಓದಿ" ಎಂದಳು ಯಶೋಧಾ. ಸಂಕಿರಣದ ಪ್ರತಿಗಳನ್ನು ಎರಡೆರಡು ಸಲ ತಿದ್ದಿದ್ದವಳು ಅವಳೇ.

ದೀಪ್ತಿ ಓದಿದಳು. "'ಚಿತ್ರ ಮುಗಿದ ಕ್ಷಣದಿಂದ ಚಿತ್ರಕಾರನಿಗೆ ಅದರ ಮೇಲೆ ಹಕ್ಕಿಲ್ಲ.' ಅದಕ್ಕೇನೀಗ?"

"ಮುಗಿದಿರಲಿಲ್ಲ, ದೀಪ್ತಿ."

ಹೇಳಿದಳು. ಬದಿಗೆ ಸರಿದ ಕುರ್ಚಿಗಳು ಮೊದಲ ದೃಷ್ಟಿಗೆ ದಾರಿ ಬಿಟ್ಟಿದ್ದವು. ಬೆಲ್ಲ ಕಣ್ಣು ಬಿಟ್ಟವನಿಗೆ ಮೊದಲ ನೈವೇದ್ಯ. ಹಾಳು ಮಾಡಲು ಬಂದವನು ಕನ್ನಡಿ ಹಿಡಿಯುವುದಿಲ್ಲ. ಕನ್ನಡಿ ಹಿಡಿಯುವವನಿಗೆ ಅದು ಬರೀ ಹಲಗೆಯಲ್ಲ. ಬೀರು ಖಾಲಿಯಿತ್ತು, ಬೀರುವಿನ ಆಚೆ ಮಲಗಿದ್ದವನು ಒಬ್ಬನೇ. "ಚಿತ್ರಕಾರ ಎಲ್ಲೂ ಹೋಗಿಲ್ಲ. ಜಗಲಿಯಲ್ಲಿ ಕೂತು ನಿಮ್ಮ ಥೀಸಿಸ್ಸಿಗೇ ಬೈಂಡ್ ಹಾಕ್ತಾ ಇದಾರೆ. ಜಟ್ಟಪ್ಪನವರು." ಅವನ ಅಪ್ಪನ ವಿಷಯವನ್ನೂ ಹೇಳಿದಳು.

ದೀಪ್ತಿ ಹರವಿದ್ದ ಹಾಳೆಗಳನ್ನು ಒಟ್ಟು ಮಾಡಿದಳು. "ಎರಡು ವರ್ಷದ ಕೆಲಸ ಮೇಡಮ್ ಇದು" ಎಂದಳು. ಆಮೇಲೆ ಪೆನ್ನು ತೆಗೆದು ಶೀರ್ಷಿಕೆಯ ಮೊದಲ ಪದವನ್ನು ಹೊಡೆದುಹಾಕಿದಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಇಬ್ಬರೂ ಪ್ರಾಂಶುಪಾಲರ ಕೋಣೆಯಲ್ಲಿದ್ದರು. ದುಗ್ಗಪ್ಪ ಮೂಲೆಯಲ್ಲಿ ನಿಂತಿದ್ದ.

"ದೂರು ವಾಪಸ್ ತಗೊಳ್ತೀನಿ ಸಾರ್" ಎಂದಳು ದೀಪ್ತಿ. "ಚಿತ್ರ ಹಾಳಾಗಿಲ್ಲ. ಪೂರ್ತಿಯಾಗಿದೆ. ದುಗ್ಗಪ್ಪನಿಗೂ ಇದಕ್ಕೂ ಸಂಬಂಧ ಇಲ್ಲ."

"ಮತ್ತೆ ಯಾರು ಮಾಡಿದ್ದು?"

"ಬರೆದವರೇ."

"ಅವರು ಯಾರ್ರೀ?"

"ಅದು ನನ್ನ ಸಿದ್ಧಾಂತಕ್ಕೆ ಬೇಕಾಗೋದಿಲ್ಲ ಸಾರ್."

ಮಧುಸೂದನ ಒಬ್ಬೊಬ್ಬರ ಮುಖವನ್ನೂ ನೋಡಿದರು. ಪೊಲೀಸರು ಬಂದರೆ ಸಂಕಿರಣ ಕೆಡುತ್ತಿತ್ತು. ಅದು ಅವರಿಗೂ ಗೊತ್ತು. ದೂರಿನ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದರು. ಅದರ ಅಡಿಯಲ್ಲಿದ್ದ ಪತ್ರಕ್ಕೆ ಸಹಿ ಹಾಕಿ ದುಗ್ಗಪ್ಪನ ಕಡೆ ತಳ್ಳಿದರು.

ಮರುದಿನ ದೀಪ್ತಿ ಓದಿದ ಪ್ರಬಂಧ ಮೊದಲಿನಷ್ಟು ಉದ್ದವಿರಲಿಲ್ಲ. ನಡುನಡುವೆ ನಿಂತು ಚಿತ್ರವನ್ನು ನೋಡುತ್ತಿದ್ದಳು. ಚಿತ್ರವೂ ನೋಡುತ್ತಿತ್ತು. ಮುಗಿದ ಮೇಲೆ ಶಿವಮೊಗ್ಗದಿಂದ ಬಂದಿದ್ದ ಅತಿಥಿಯೊಬ್ಬರು ಯಶೋಧಾಳ ಮೇಜಿಗೆ ಬಂದು, ಎಂಥ ಕಣ್ಣು, ಯಾರು ಬರೆದದ್ದು ಎಂದು ವಿಚಾರಿಸಿದರು.

ದಾನದ ವಸ್ತುಗಳ ರಿಜಿಸ್ಟರು ಅವಳ ಮುಂದೆ ತೆರೆದೇ ಇತ್ತು. 'ಕರ್ತೃ' ಎಂಬ ಅಂಕಣ ಖಾಲಿ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅವಳು ಗೊತ್ತಿದ್ದೂ ಒಂದು ಅಂಕಣವನ್ನೂ ಖಾಲಿ ಬಿಟ್ಟವಳಲ್ಲ. ಕಿಟಕಿಯಾಚೆ ಜಟ್ಟಪ್ಪ ತಲೆ ಎತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದ.

"ತಿಳಿದುಬಂದಿಲ್ಲ ಸಾರ್" ಎಂದಳು.

ಪೆನ್ನಿನ ಕ್ಯಾಪು ಹಾಕಿ ರಿಜಿಸ್ಟರನ್ನು ಮುಚ್ಚಿದಳು. ಇನ್ನು ಯಾರು ಕೇಳಿದರೂ ಇದೇ ಉತ್ತರ. ಆ ರಾತ್ರಿ ಗ್ಯಾಸಿನ ವಾಲ್ವನ್ನು ಒಂದೇ ಸಲ ಮುಟ್ಟಿ ಮಲಗಿದಳು.