ಬಾಗಿಲ ಹಿಂದಿನ ಏಣಿ

"ನಿನ್ನ ಶೂಗೆ ಹಸಿವಾಗಿದೆ ಕಣೇ! ನೋಡು, ಹೇಗೆ ಬಾಯಿ ಬಿಟ್ಕೊಂಡಿದೆ!"

ಕ್ಲಾಸಿನ ಮಾತಿನಮಲ್ಲಿ ಪಟಪಟಿ ಅಷ್ಟು ಹೇಳಿದ್ದೇ ತಡ, ಪ್ರಾರ್ಥನೆಯ ಸಾಲಿನಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಬುಗುರಿ ಎಡಗಾಲನ್ನು ಬಲಗಾಲಿನ ಹಿಂದೆ ಮರೆಮಾಡಿದಳು. ಶೂವಿನ ಅಟ್ಟೆ ಮುಂದುಗಡೆ ಕಿತ್ತುಬಂದು, ಕಾಲುಚೀಲದ ತುದಿ ನಾಲಿಗೆಯಂತೆ ಹೊರಗೆ ಇಣುಕುತ್ತಿತ್ತು.

"ಹಸಿವಲ್ಲ, ಆಕಳಿಕೆ. ಬೆಳಿಗ್ಗೆ ಬೇಗ ಎಬ್ಬಿಸಿದೆ ನೋಡು, ಅದಕ್ಕೆ," ಎಂದಳು ಬುಗುರಿ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಕ್ಲಾಸಿಗೆ ಹೋಗಿ ಕೂತ ಮೇಲೆ, ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿ ಶೂವಿಗೆ ಸುತ್ತಿದಳು.

ಒಂದು ಕಡೆ ನಿಲ್ಲುವವಳಲ್ಲ ಎಂದು ಅಜ್ಜಿ ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದಳು. ಶಾಲೆಯಲ್ಲೂ ಅದೇ ಹೆಸರು ಅಂಟಿಕೊಂಡಿತ್ತು. ಇಂಥ ಬುಗುರಿ ಅಂದು ಆಟದ ಪೀರಿಯಡ್‌ನಲ್ಲಿ ಕಲ್ಲಿನ ಹಾಗೆ ಕೂತಿದ್ದಳು. ಶೂ ಹರಿದದ್ದನ್ನು ಮನೆಯಲ್ಲಿ ಹೇಳುವಂತಿಲ್ಲ. ಹೇಳಿದರೆ ಅಕ್ಕ ಹೊಸದು ತರುತ್ತಾಳೆ. ತಂದರೆ ಏಣಿಯ ಒಂದು ಮೆಟ್ಟಿಲು ಹೋಗುತ್ತದೆ.

ಏಣಿಯ ವಿಷಯ ಹೀಗೆ. ಅಕ್ಕನಿಗೆ ಇಪ್ಪತ್ತು ವರ್ಷ. ಅಮ್ಮ ತೀರಿಹೋದ ಮೇಲೆ ಆ ಮನೆ ನಿಂತಿದ್ದು ಅಕ್ಕನ ದುಡಿಮೆ, ಅಜ್ಜಿಯ ಅಡುಗೆ, ಇವೆರಡರ ಮೇಲೆ. ಮನೆಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿಯ ಕೈಕೆಳಗೆ ಅವಳಿಗೆ ಕೆಲಸ. ಅವಳು ಗೋಡೆಯ ಅಂಚಿಗೆ ಬ್ರಷ್ ಎಳೆದರೆ ದಾರ ಹಿಡಿದಂತೆ ಗೆರೆ. ಆದರೆ ಏಣಿ ಮೇಸ್ತ್ರಿಯದು. ಅದಕ್ಕೆಂದು ದಿನದ ಕೂಲಿಯಲ್ಲಿ ಒಂದು ಪಾಲನ್ನು ಅವನು ಹಿಡಿದುಕೊಳ್ಳುತ್ತಿದ್ದ.

"ಕೈ ಚೆನ್ನಾಗಿದೆ ಕಣಮ್ಮ. ಆದ್ರೆ ಏಣಿ ಇಲ್ದೆ ಗಾಳೀಲಿ ನಿಂತ್ಕೊಂಡು ಬಣ್ಣ ಹೊಡೀತೀಯಾ?" ಎಂದು ನಗುತ್ತಿದ್ದ.

ಸ್ವಂತದ್ದೊಂದು ಏಣಿ ಕೊಳ್ಳಬೇಕೆಂದು ಎರಡು ವರ್ಷದ ಹಿಂದೆ ಅಕ್ಕ ಕೋಣೆಯ ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಒಂದು ಏಣಿ ಬರೆದಳು. ಹದಿಮೂರು ಮೆಟ್ಟಿಲು. ಕೂಲಿ ಕೈಗೆ ಬಂದ ದಿನ ಮೊದಲು ಬ್ಯಾಂಕಿಗೆ, ಆಮೇಲೆ ದಿನಸಿ ಅಂಗಡಿಗೆ. ಬಸ್ಸಿನ ದಾರಿಯನ್ನು ನಡೆದು ಮುಗಿಸುತ್ತಿದ್ದಳು. ಸಂಜೆಯ ಟೀ ಬಿಟ್ಟಳು. ಒಂದು ಮೆಟ್ಟಿಲಿನಷ್ಟು ಹಣ ಸೇರಿದಾಗ, ಕೆಲಸದ ಮನೆಯಲ್ಲಿ ಡಬ್ಬಿಯ ತಳಕ್ಕೆ ಅಂಟಿ ಉಳಿದ ಬಣ್ಣ ತಂದು ಒಂದು ಮೆಟ್ಟಿಲಿಗೆ ಹಚ್ಚುತ್ತಿದ್ದಳು. ಡಾಕ್ಟರ ಮನೆಯ ನೀಲಿ, ಲಾಡ್ಜಿನ ಕೇಸರಿ, ಯಾರದೋ ಅಡುಗೆಮನೆಯ ತಿಳಿ ಹಸಿರು. ಕೆಲವು ಮೆಟ್ಟಿಲಿಗೆ ಒಂದು ತಿಂಗಳು ಹಿಡಿಯಿತು, ಕೆಲವಕ್ಕೆ ಮೂರು.

ಈಗ ಎಲ್ಲಕ್ಕಿಂತ ಮೇಲಿನದೊಂದೇ ಖಾಲಿ.

ಅದೇ ಹೊತ್ತಿಗೆ ಶಾಲೆಯ ದೊಡ್ಡ ಟೀಚರ್ ಅಕ್ಕನನ್ನು ಕರೆಸಿ ಹೇಳಿದ್ದರು: "ರಜೆಯಲ್ಲಿ ಶಾಲೆಗೆ ಬಣ್ಣ ಹೊಡೆಸ್ತೀವಿ. ಕೆಲಸ ನಿನಗೇ ಕೊಡ್ತೀನಮ್ಮ. ಆದ್ರೆ ನಮ್ಮ ಹತ್ರ ಏಣಿ ಇಲ್ಲ. ಸೋಮವಾರದೊಳಗೆ ನಿಂದೇ ಒಂದು ಏಣಿ ಆಗಬೇಕು. ಇಲ್ಲಾಂದ್ರೆ ಮೇಸ್ತ್ರಿಗೇ ಹೇಳಬೇಕಾಗುತ್ತೆ."

ಇಂದು ಶುಕ್ರವಾರ.

ಸಂಜೆ ಬುಗುರಿ ಸೀದಾ ಹಾರ್ಡ್‌ವೇರ್ ಅಂಗಡಿಗೆ ಹೋದಳು. "ಮಾಮ, ಒಂದ್ ಚೂರು ಗಮ್ ಕೊಡ್ತೀರಾ? ಶೂಗೆ."

ಅಂಗಡಿಯವರು ಕನ್ನಡಕ ಮೇಲಕ್ಕೇರಿಸಿ ಶೂ ನೋಡಿದರು. "ಇದಕ್ಕೆ ಗಮ್ಮೂ ಹಿಡಿಯಲ್ಲ, ಹೊಲಿಗೇನೂ ಹಿಡಿಯಲ್ಲ ಮಗು. ಇದು ಪೆನ್ಷನ್ ತಗೊಳ್ಳೋ ವಯಸ್ಸಿನ ಶೂ."

ಬುಗುರಿಗೆ ಅದು ಕೇಳಿಸಲೇ ಇಲ್ಲ. ಅವರ ಹಿಂದೆ ಗೋಡೆಗೆ ಒರಗಿ ಫಳಫಳ ಹೊಳೆಯುವ ಅಲ್ಯೂಮಿನಿಯಂ ಏಣಿ ನಿಂತಿತ್ತು.

"ನಮ್ಮಕ್ಕ ನೋಡಿಟ್ಟಿರೋದು ಇದೇನಾ?"

"ಇದೇ. ವಾರಕ್ಕೊಂದ್ಸಲ ಬಂದು, ಮುಟ್ಟಿ ಮಾತಾಡಿಸ್ಕೊಂಡು ಹೋಗ್ತಾಳೆ."

ಬುಗುರಿ ಮೆಟ್ಟಿಲು ಎಣಿಸಿದಳು. ಹನ್ನೆರಡು. ಮೇಲಿನಿಂದ ಕೆಳಕ್ಕೆ ಇನ್ನೊಮ್ಮೆ ಎಣಿಸಿದಳು. ಆಗಲೂ ಹನ್ನೆರಡೇ!

ಅವಳು ಅಲ್ಲಿಂದ ಕಿತ್ತ ಓಟ ಮನೆಯಲ್ಲೇ ನಿಂತಿದ್ದು. ದಾರಿಯಲ್ಲಿ ರಬ್ಬರ್ ಬ್ಯಾಂಡ್ ಪಟ್ಟೆಂದು ಹರಿಯಿತು. ಶೂ ಚಪ್ಪಾಳೆ ತಟ್ಟುತ್ತ ಜೊತೆಗೇ ಬಂತು.

"ಅಕ್ಕಾ! ನಿನ್ನ ಲೆಕ್ಕ ತಪ್ಪು! ಏಣಿಗೆ ಇರೋದು ಹನ್ನೆರಡೇ ಮೆಟ್ಟಿಲು, ನೀನು ಹದಿಮೂರು ಬರ್ದಿದೀಯ! ಆಗ್ಲೇ ಹನ್ನೆರಡು ತುಂಬಿದೆ. ನಾಳೆನೇ ತರಬಹುದು!"

ಅಕ್ಕ ಸೀಮೆಎಣ್ಣೆಯ ಬಟ್ಟೆಯಿಂದ ಕೈಗೆ ಮೆತ್ತಿದ ಬಣ್ಣ ಉಜ್ಜುತ್ತಿದ್ದಳು. ಅವಳು ಬುಗುರಿಯ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಇದು ಯಾವಾಗಿಂದ?"

"ಯಾವುದು?"

"ಆ ಮೊಸಳೆ."

ಬುಗುರಿ ತಲೆ ತಗ್ಗಿಸಿದಳು. ಒಲೆಯ ಮುಂದಿನಿಂದ ಅಜ್ಜಿ ಗೊಣಗಿದಳು: "ತನ್ನ ಕಾಲು ಮುಚ್ಚಿಟ್ಕೊಂಡು ಅಕ್ಕನ್ನ ಏಣಿ ಹತ್ತಿಸೋಕೆ ಹೊರಟಿದಾಳೆ, ಜಾಣೆ!"

ಅಕ್ಕ ಅವಳ ಕೈ ಹಿಡಿದು ಬಾಗಿಲ ಹಿಂದೆ ಕರೆದೊಯ್ದಳು. ಇಬ್ಬರೂ ನೆಲದ ಮೇಲೆ ಕೂತರು.

"ಲೆಕ್ಕ ತಪ್ಪಿಲ್ಲ ಕಣೇ. ಮೇಲಿನ ಹನ್ನೆರಡು ಏಣಿದು. ಎಲ್ಲಕ್ಕಿಂತ ಕೆಳಗಿಂದು ಏಣಿದಲ್ಲ, ಮನೆಯ ಆಪತ್ತಿಗೆ. ಮುಟ್ಟಿ ನೋಡು."

ಬುಗುರಿ ಬೆರಳಾಡಿಸಿದಳು. ಕೆಳಗಿನ ಮೆಟ್ಟಿಲು ದಪ್ಪಗೆ ಉಬ್ಬಿತ್ತು. ಅಕ್ಕ ಬಣ್ಣ ಕೆರೆಯುವ ಪಟ್ಟಿಯಿಂದ ಅದರ ಒಂದು ಮೂಲೆಯನ್ನು ಮೆಲ್ಲಗೆ ಕೆರೆದಳು. ಈರುಳ್ಳಿ ಬಿಡಿಸಿದಂತೆ ಪದರದ ಕೆಳಗೆ ಪದರ ಕಂಡಿತು. ನೀಲಿ, ಬಿಳಿ, ಹಸಿರು, ಬಿಳಿ, ಮತ್ತೆ ಹಳದಿ.

"ಹಣ ಖರ್ಚಾದಾಗ ಬಿಳಿ ಹೊಡೀತೀನಿ. ಮತ್ತೆ ಸೇರಿದಾಗ ಬಣ್ಣ. ಈ ಹಸಿರು ನೀನು ಗೋಡೆ ಹಾರಿ ಕೈ ಮುರ್ಕೊಂಡೆಯಲ್ಲ, ಆಗಿಂದು. ಹಳದಿ ಅಜ್ಜಿ ಕನ್ನಡಕ."

"ತಳದಲ್ಲಿ ಗುಲಾಬಿ ಇದೆಯಲ್ಲ, ಅದು?"

ಅಜ್ಜಿ ಒಲೆಯ ಕಡೆಯಿಂದಲೇ ಹೇಳಿದಳು: "ಅದು ನಿಮ್ಮಮ್ಮನ ಔಷಧಿದು, ಮಗಳೇ. ದೇವರು ಅವಳನ್ನ ತಣ್ಣಗಿಟ್ಟಿರಲಿ."

ಅಕ್ಕ ಕೆರೆದ ಮೂಲೆಯನ್ನು ಬೆರಳಿನಿಂದ ಒತ್ತಿ ಸಮ ಮಾಡಿದಳು.

ಬುಗುರಿ ಅಕ್ಕನ ತೋಳು ಅಲುಗಿಸಿದಳು. "ಆದ್ರೂ ಇದೊಂದ್ಸಲ ಇದನ್ನೂ ಸೇರಿಸಿಬಿಡಕ್ಕ. ನನಗೆ ರಬ್ಬರ್ ಬ್ಯಾಂಡೇ ಸಾಕು. ಇಲ್ಲಾಂದ್ರೆ ಶಾಲೆ ಗೋಡೆ ಕೈತಪ್ಪಿ ಹೋಗುತ್ತೆ!"

ಅಕ್ಕ ಮೇಲಿನ ಖಾಲಿ ಮೆಟ್ಟಿಲನ್ನು ಬಹಳ ಹೊತ್ತು ನೋಡಿದಳು. ಶಾಲೆಯ ಗೋಡೆ ಅವಳಿಗೂ ಬೇಕಿತ್ತು. ಎಷ್ಟು ಬೇಕಿತ್ತೆಂದು ಬುಗುರಿಗೆ ಆ ನೋಟದಲ್ಲೇ ತಿಳಿಯಿತು. ಆಮೇಲೆ ಅಕ್ಕ ಬುಗುರಿಯ ಹರಿದ ಶೂ ಕಳಚಿ, ಕಾಲ್ಬೆರಳುಗಳನ್ನು ಅಂಗೈಯಲ್ಲಿ ಹಿಡಿದುಕೊಂಡಳು.

"ಗೋಡೆಗಳಿಗೇನು ಬರವೇನೇ? ಎತ್ತ ನೋಡಿದ್ರೂ ಗೋಡೆ. ನಿನಗಿರೋದು ಎರಡೇ ಕಾಲು."

ಶನಿವಾರ ಹೊಸ ಶೂ ಬಂತು. ಕೆಳಗಿನ ಮೆಟ್ಟಿಲು ಬೆಳ್ಳಗಾಯಿತು. ಸೋಮವಾರ ಶಾಲೆಯ ಕೆಲಸ ಮೇಸ್ತ್ರಿಗೆ ಹೋಯಿತು.

ರಜೆಯಲ್ಲಿ ಅಕ್ಕ ಶಾಲೆಗೆ ಬಣ್ಣ ಹೊಡೆದಳು. ಮೇಸ್ತ್ರಿಯ ಏಣಿ, ಮೇಸ್ತ್ರಿಯ ಪಾಲು ಹಿಡಿದ ಕೂಲಿ. ಅವಳ ಮುಖ ಮಾತ್ರ ಎಂದಿನಂತೆಯೇ ಇತ್ತು. ಕೊನೆಯ ಕಿಟಕಿಯ ಮೇಲೆ, ಯಾರೂ ಕತ್ತೆತ್ತಿ ನೋಡದ ಎತ್ತರದಲ್ಲೂ, ಉಸಿರು ಬಿಗಿಹಿಡಿದು ಅಂಚು ಎಳೆಯುತ್ತಿದ್ದಳು. ಮಧ್ಯಾಹ್ನದ ಊಟ ತಂದ ಬುಗುರಿ ಕೆಳಗೆ ನಿಂತು ನೋಡುತ್ತಿದ್ದಳು. ಪಟಪಟಿಯೂ ಬಂದಳು.

"ಏಣಿ ನಿಮ್ಮಕ್ಕಂದಾ?"

"ಏಣಿ ಮೇಸ್ತ್ರಿದು," ಎಂದಳು ಬುಗುರಿ. "ಆ ಗೆರೆ ನೋಡು. ಅದು ನಮ್ಮಕ್ಕಂದು."

ಪಟಪಟಿ ನೋಡಿದಳು. ಅವಳು ಬಾಯಿ ಮುಚ್ಚಿಕೊಂಡಿದ್ದನ್ನು ಬುಗುರಿ ಕಂಡದ್ದು ಅದೇ ಮೊದಲು.

ಎರಡು ತಿಂಗಳಾಯಿತು. ಒಂದು ಸಂಜೆ ಅಕ್ಕ ಬ್ಯಾಂಕಿನಿಂದ ಬಂದವಳೇ ಮಂಚದ ಕೆಳಗಿನಿಂದ ಡಬ್ಬಿಯೊಂದನ್ನು ಎಳೆದಳು. ತಳದಲ್ಲಿ ಶಾಲೆಯ ಗೋಡೆಯ ಕೆನೆಬಣ್ಣ ಉಳಿದಿತ್ತು.

"ಒಂದು ಮೆಟ್ಟಿಲಿನಷ್ಟು ಆಯ್ತು ಕಣೇ. ಈ ಸಲ ನೀನೇ ಹಚ್ಚು," ಎಂದು ಬ್ರಷ್ ಕೊಟ್ಟಳು. ಯಾವುದಕ್ಕೆ ಎಂದು ಹೇಳಲಿಲ್ಲ.

ಬುಗುರಿ ಬಾಗಿಲು ಮುಚ್ಚಿ ಏಣಿಯ ಮುಂದೆ ನಿಂತಳು. ಮೇಲೆ ಒಂದು ಖಾಲಿ, ಕೆಳಗೆ ಒಂದು ಬಿಳಿ. ಮೇಲಿನದಕ್ಕೆ ಹಚ್ಚಿದರೆ ನಾಳೆಯೇ ಏಣಿ. ಅವಳು ತುದಿಗಾಲಿನಲ್ಲಿ ನಿಂತು ಬ್ರಷ್ ಎತ್ತಿದಳು. ಇನ್ನೊಂದು ಕೈಯನ್ನು ಆಸರೆಗೆ ಬಾಗಿಲ ಮೇಲಿಟ್ಟಳು.

ಆ ಕೈಗೆ ಮೆಟ್ಟಿಲುಗಳು ತಾಗಿದವು. ನೀಲಿ, ಕೇಸರಿ, ತಿಳಿ ಹಸಿರು. ಎಲ್ಲವೂ ನುಣುಪು, ಒಂದೊಂದೇ ಪದರ. ಒಂದರ ಮೇಲೂ ಒಮ್ಮೆಯೂ ಬಿಳಿ ಬಿದ್ದಿರಲಿಲ್ಲ. ಕೈ ಮುರಿದಾಗಲೂ ಬಿದ್ದಿರಲಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಾಗಲೂ ಬಿದ್ದಿರಲಿಲ್ಲ. ಪ್ರತಿ ಸಲವೂ ಬಿಳಿ ಬಿದ್ದದ್ದು ಕೆಳಗಿನದೊಂದರ ಮೇಲೆ. ದಿನವೂ ನೋಡುವ ಏಣಿಯಲ್ಲಿ ಇದನ್ನು ಅವಳು ಇಷ್ಟು ದಿನ ನೋಡಿಯೇ ಇರಲಿಲ್ಲ.

ಬುಗುರಿ ಎತ್ತಿದ ಬ್ರಷ್ ಇಳಿಸಿದಳು. ನೆಲದ ಮೇಲೆ ಮಂಡಿಯೂರಿ, ಉಸಿರು ಬಿಗಿಹಿಡಿದು, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ಬಣ್ಣ ಹಚ್ಚತೊಡಗಿದಳು.

ಅಕ್ಕ ಡಬ್ಬಿಯನ್ನು ಮೆಲ್ಲಗೆ ಅವಳ ಹತ್ತಿರಕ್ಕೆ ಸರಿಸಿದಳು.