ಆರು ಕುರ್ಚಿಗಳ ಹೊಲಿಗೆ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಏಳು ನಲವತ್ತಕ್ಕೆ ಪೆದ್ರೊಸೆಲೊ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ದೂರು ಬಂತು. ತಂದವನು ಫಸ್ಟ್ ಕ್ಲಾಸ್ ಲೌಂಜಿನ ಮ್ಯಾನೇಜರ್ ಸರ್ಮೆಂತು. ಕೂರಿ ಅಂದರೂ ಕೂರಲಿಲ್ಲ. ಟೈಪು ಮಾಡಿಸಿದ ಎರಡು ಹಾಳೆಗಳನ್ನು ಮೇಜಿನ ಮೇಲೆ ಬಿಸಾಕಿ ಗಡಿಯಾರ ನೋಡಿಕೊಂಡ.

ಮೊದಲ ಹಾಳೆಯ ತುಂಬ ಲೌಂಜಿನ ಘನತೆಯ ಮಾತೇ ಇತ್ತು. ನಲವತ್ತು ಹಳೆಯ ಕುರ್ಚಿಗಳಿಗೆ ಹೊಸದಾಗಿ ಕುಷನ್ ಕೆಲಸ ಮಾಡಿಸಿದ್ದು, ಬಟ್ಟೆಯ ಬಣ್ಣ, ಗುರುವಾರ ವಿಮಾನ ಕಂಪನಿಯ ದೊಡ್ಡವರು ಬಂದು ಕೂತು ನೋಡಲಿರುವುದು, ಶುಕ್ರವಾರ ಲೌಂಜು ಮತ್ತೆ ತೆರೆಯಲಿರುವುದು. ಒಬ್ಬ ಹೆಂಗಸಿನ ಕೈಗೆ ಸೂಜಿ ಹೊಕ್ಕಿದೆ ಎಂಬ ವಿಷಯ ಎರಡನೇ ಹಾಳೆಯ ನಾಲ್ಕನೇ ಸಾಲಿನಲ್ಲಿ ಬಂತು. ಇನ್ಸ್‌ಪೆಕ್ಟರ್ ಮೊರಾವ್ ಆ ಸಾಲನ್ನು ಎರಡು ಸಲ ಓದಿದ.

"ಚುಚ್ಚಿದ್ದು ಯಾರಿಗೆ?"

"ಕ್ಲೀನಿಂಗ್ ಹೆಂಗಸಿಗೆ. ದಿಯೊಲಿಂದಾ ಅಂತೇನೋ."

"ಅಂತೇನೋ?"

"ಹದಿನಾಲ್ಕು ಜನ ಇದಾರೆ. ಎಲ್ಲರ ಹೆಸರು ನೆನಪಿಟ್ಕೊಳ್ಳೋದೇ ನನ್ನ ಕೆಲಸಾನಾ? ಸೂಜಿ ಇಟ್ಟೋಳೂ ಅವಳೇ, ಚುಚ್ಚಿಸ್ಕೊಂಡೋಳೂ ಅವಳೇ. ಪರಿಹಾರ ಕೀಳೋಕೆ ನಾಟಕ. ಹಾಗೇ ಬರ್ಕೊಳಿ."

ಮೊರಾವ್ ಹಾಗೆ ಬರೆದುಕೊಳ್ಳಲಿಲ್ಲ. ಎಂಟು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಿಸಿದ, ಆರೋಪಿಯ ಜಾಗದಲ್ಲಿ 'ಅಪರಿಚಿತ ವ್ಯಕ್ತಿ' ಎಂದು ಬರೆದ. ಅದನ್ನು ತಲೆಕೆಳಗಾಗಿಯೇ ಓದಿಕೊಂಡ ಸರ್ಮೆಂತು ಮುಖ ಗಂಟು ಹಾಕಿದ. ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಸಿದ್ಧವಾಗಿದೆ, ಬುಧವಾರ ಸಂಜೆ ಐದಕ್ಕೆ ಅವಳ ಕೈ ಸೇರುತ್ತದೆ, ಪೊಲೀಸರು ಅಷ್ಟರೊಳಗೆ ಬೇರೆ ಕಳ್ಳನನ್ನು ಹಿಡಿದುಕೊಟ್ಟರೆ ಕೊಡಲಿ, ಇಲ್ಲದಿದ್ದರೆ ಬಿಡಲಿ ಎಂದು ಹೇಳಿ ಹೋದ. ಮೊರಾವ್ ಒಂಬತ್ತು ವರ್ಷದಿಂದ ಇದೇ ನಿಲ್ದಾಣದಲ್ಲಿ ಕಳೆದುಹೋದ ಸೂಟ್‌ಕೇಸು ಹುಡುಕುತ್ತ, ಕುಡಿದು ಬಿದ್ದವರನ್ನು ಎತ್ತುತ್ತ ಸವೆದವನು. ಲೌಂಜಿನ ಗಾಜಿನ ಬಾಗಿಲಾಚೆ ಅವನನ್ನು ಒಂದು ಕಾಫಿಗೂ ಯಾರೂ ಕರೆದಿರಲಿಲ್ಲ. ಸರ್ಮೆಂತುವಿನಂಥವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು, ಅದನ್ನು ಅವನು ಮುಚ್ಚಿಟ್ಟವನೂ ಅಲ್ಲ.

ಎಂಟು ಐವತ್ತಕ್ಕೆ ಕಾನ್‌ಸ್ಟೇಬಲ್ ಕಿಂತೇಲಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ. ಕಿಂತೇಲ ಮೂವತ್ತರ ಹೆಂಗಸು, ಮಾತು ಕಡಿಮೆ, ಬರವಣಿಗೆ ಚುರುಕು. ಗಾಯಾಳು ದಿಯೊಲಿಂದಾಳಿಗೆ ಐವತ್ತೆರಡು ವರ್ಷ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಸೂಜಿ ಮುರಿದು ಮೊನೆ ಒಳಗೇ ಉಳಿದಿತ್ತು. ಬೆರಳು ಮಡಚುವ ನರಕ್ಕೆ ತಾಗಿದೆ, ನಾಳೆ ಬೆಳಿಗ್ಗೆ ಕೊಯ್ದು ತೆಗೆಯುತ್ತೇವೆ, ಹೆಬ್ಬೆರಳು ಮೊದಲಿನ ಹಾಗಾಗುತ್ತದೆ ಎಂದು ಹೇಳಲಾರೆ ಎಂದರು ಡಾಕ್ಟರು. ಹನ್ನೊಂದು ವರ್ಷದಿಂದ ನೆಲ ಒರೆಸುವ ಬಟ್ಟೆ ಹಿಂಡಿ ಬದುಕಿದವಳಿಗೆ ಹೆಬ್ಬೆರಳಿಲ್ಲದೆ ಉಳಿಯುವುದೇನು?

ಕಿಂತೇಲ ಹೇಳಿಕೆ ಬರೆದುಕೊಂಡಳು. ಬೆಳಿಗ್ಗೆ ಆರು ಹತ್ತಕ್ಕೆ ಕುರ್ಚಿಗಳ ಧೂಳು ಹೊಡೆಯುತ್ತಿದ್ದಳಂತೆ. ಕುಷನ್ ಹೊಸದಾದರೂ ಕುರ್ಚಿಗಳು ಆಗಲೇ ಅಲ್ಲಲ್ಲಿ ತಗ್ಗು ಬಿದ್ದಿದ್ದವು, ತಟ್ಟಿ ತಟ್ಟಿ ಎಬ್ಬಿಸಬೇಕಿತ್ತಂತೆ.

"ಈ ಕುರ್ಚಿಗೆ ಮಾತ್ರ ತಟ್ಟೋದೇ ಬೇಕಿರ್ಲಿಲ್ಲ ಕಣಮ್ಮ. ಎಷ್ಟು ಚೆನ್ನಾಗಿ ಕೂತಿತ್ತು ಅಂದ್ರೆ, ಸುಮ್ನೆ ಆಸೆಗೆ ಕೈ ಒತ್ತಿ ನೋಡ್ದೆ."

"ಕೂತು ನೋಡ್ಲಿಲ್ವಾ?"

"ಅಯ್ಯೋ, ನಾವು ಕೂರೋ ಹಾಗಿಲ್ಲ. ಗೋಡೆ ಮೇಲೆ ಬರೆದು ಹಾಕಿದಾರೆ."

ಕೆಲಸದಿಂದ ತೆಗೆಯುತ್ತಾರಾ ಎಂದು ದಿಯೊಲಿಂದಾ ಕೇಳಿದಳು. ಕಿಂತೇಲ ಪೆನ್ನು ಮುಚ್ಚಿ ಎದ್ದಳು.

ಹತ್ತು ಹದಿನೈದಕ್ಕೆ ಲೌಂಜಿನಲ್ಲಿ ಪಂಚನಾಮೆ ಶುರುವಾಯಿತು. ಕಾಫಿ ಅಂಗಡಿಯವನೊಬ್ಬ, ಟ್ಯಾಕ್ಸಿ ಡ್ರೈವರೊಬ್ಬ ಪಂಚರು. ಸಾಮಾನು ತಪಾಸಣೆಯವರಿಂದ ಲೋಹ ಹುಡುಕುವ ಯಂತ್ರ ತರಿಸಿದರೆ ಅದು ನಲವತ್ತು ಕುರ್ಚಿಗೂ ಕಿರುಚಿತು, ಒಳಗೆ ಸ್ಪ್ರಿಂಗು, ಪಿನ್ನು ತುಂಬಿರುವಾಗ ಇನ್ನೇನು ಮಾಡೀತು. ಕುರ್ಚಿ ಬಿಚ್ಚಬೇಕೆಂದರೆ ಸರ್ಮೆಂತು ಅಡ್ಡ ನಿಂತ. ಒಂದು ದಾರ ಕಿತ್ತರೂ ಮೇಲಿನವರಿಗೆ ಫೋನು ಮಾಡುತ್ತೇನೆ ಎಂದ. ಮಾಡಿ ಎಂದ ಮೊರಾವ್. ಕೊನೆಗೆ ಕಿಂತೇಲಳೇ ಉಪಾಯ ಮಾಡಿ, ತಿಂಡಿ ಹಂಚುವ ಮರದ ತಟ್ಟೆಯೊಂದನ್ನು ಪ್ರತಿ ಕುರ್ಚಿಯ ಮೇಲೂ ಬೋರಲಿಟ್ಟು ಮೊಣಕೈಯಿಂದ ಬಲವಾಗಿ ಒತ್ತಿದಳು. ದಿಯೊಲಿಂದಾಳ ಕುರ್ಚಿಯಲ್ಲದೆ ಇನ್ನೂ ಐದರಲ್ಲಿ ಸೂಜಿಯ ಮೊನೆ ಬಟ್ಟೆ ದಾಟಿ ತಟ್ಟೆಗೆ ನಾಟಿಕೊಂಡಿತು.

ಇಕ್ಕಳದಿಂದ ಸೂಜಿಗಳನ್ನು ಎಳೆದು ಲಕೋಟೆಗೆ ಹಾಕಿ ಸಹಿ ಮಾಡಿಸಿದ ಮೇಲೆ ಮೊರಾವ್ ಅಂಥದ್ದೊಂದು ಕುರ್ಚಿಯಲ್ಲಿ ಕೂತ. ಅವನಿಗೆ ನಾಲ್ಕು ವರ್ಷದಿಂದ ಸೊಂಟನೋವು. ಯಾವ ಕುರ್ಚಿಯಲ್ಲೂ ಐದು ನಿಮಿಷಕ್ಕೆ ನುಲಿಯತೊಡಗುವವನು ಇಲ್ಲಿ ಅಲ್ಲಾಡದೆ ಕೂತುಬಿಟ್ಟ. ಎದ್ದು ಪಕ್ಕದ, ಸೂಜಿಯಿಲ್ಲದ ಕುರ್ಚಿಯಲ್ಲಿ ಕೂತ. ಒಂದು ಮಗ್ಗುಲಿಗೆ ಕುಸಿದ. ಆಮೇಲೆ ಬಗ್ಗಿ ಎರಡರ ತಳವನ್ನೂ ನೋಡಿದ. ಮೂವತ್ತನಾಲ್ಕು ಕುರ್ಚಿಗಳಿಗೆ ಬಟ್ಟೆಯನ್ನು ಗನ್ನಿನಿಂದ ಪಿನ್ನು ಹೊಡೆದು ಕೂರಿಸಿದ್ದರು, ಅದೂ ಸೊಟ್ಟ. ಆರಕ್ಕೆ ಮಾತ್ರ ಕೈಹೊಲಿಗೆ ಇತ್ತು, ದಾರ ಎಲ್ಲೂ ಮೇಲೆ ಕಾಣದ ಹಾಗೆ, ಅಂತರ ಒಂದು ಎಳ್ಳುಕಾಳೂ ತಪ್ಪದ ಹಾಗೆ.

"ಸೂಜಿ ಇಟ್ಟ ಆರೇ ಕುರ್ಚಿ ನೆಟ್ಟಗಿರೋದು," ಎಂದ.

"ಇಡೋಕೆ ಬಿಚ್ಚಿದಾನೆ. ಬಿಚ್ಚಿದ ಮೇಲೆ ಸರಿಯಾಗಿ ಮುಚ್ಚಿದಾನೆ," ಎಂದಳು ಕಿಂತೇಲ. "ದಿಯೊಲಿಂದಾಗೆ ಇದು ಬರಲ್ಲ ಸರ್."

ಹೊರಗಿನವರು ಯಾರಾದರೂ ಬಂದಿದ್ದರಾ ಎಂದರೆ ಸರ್ಮೆಂತು ನರಪಿಳ್ಳೆಯೂ ಬಂದಿಲ್ಲ ಎಂದ. ಕಿಂತೇಲ ಒಳಬಾಗಿಲ ಕಾವಲುಗಾರನ ಪಾಸು ಪುಸ್ತಕ ತರಿಸಿದಳು. ಸೋಮವಾರ ಮಧ್ಯಾಹ್ನ ಎರಡು ಹತ್ತರಿಂದ ನಾಲ್ಕು ನಲವತ್ತರವರೆಗೆ, ಕುಷನ್ ಕಂಪನಿಯ ನಾಲ್ಕು ಕೆಲಸಗಾರರು, ಕೆಲಸದ ಚೀಲಗಳ ಸಮೇತ. ಸರ್ಮೆಂತು ಆಗ ಬಾಯಿ ಬಿಟ್ಟ. ಕುರ್ಚಿಗಳು ಕುಷನ್ ಹಾಕಿಸಿಕೊಂಡು ಬಂದು ವಾರವಾಗುವುದರೊಳಗೆ ಆರರ ಬಟ್ಟೆ ಬಾಯಿ ತೆರೆದುಕೊಂಡಿತ್ತು, ಗುರುವಾರದೊಳಗೆ ಗುಟ್ಟಾಗಿ ಸರಿಮಾಡಿಸಿದ್ದ. ಕೆಲಸ ಕೆಟ್ಟಿದೆ ಎಂದು ದೊಡ್ಡವರಿಗೆ ತಿಳಿಯಬಾರದೆಂದು ಒಬ್ಬ ಹೆಂಗಸಿನ ತಲೆಗೆ ಕಟ್ಟಲು ಹೊರಟಿದ್ದ. ನಾಚಿಕೆಗೆಟ್ಟವನು. ಮೊರಾವ್ ಇದನ್ನೂ ಹೇಳಿಕೆಯಾಗಿ ಬರೆಸಿ ಅವನ ಸಹಿ ತೆಗೆದುಕೊಂಡ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಇಬ್ಬರೂ ಲೋರ್ದೆಲುವಿನಲ್ಲಿದ್ದರು. ಊರಿಗೆ ಊರೇ ಕುರ್ಚಿ ಮಾಡುವ ಜಾಗ ಅದು. ಕುಷನ್ ಕಂಪನಿಯ ಮಾಲೀಕ ವಾಲ್ದೆಮಾರ್ ಬಾಗಿಲಲ್ಲೇ ತಡೆದ. ಕೈಹೊಲಿಗೆಯನ್ನು ತಾನು ನಿಲ್ಲಿಸಿ ಆರು ವರ್ಷವಾಯಿತು, ಒಬ್ಬೊಬ್ಬರು ದಿನಕ್ಕೆ ನಾಲ್ಕು ಕುರ್ಚಿ ಮುಗಿಸಬೇಕು, ಇಲ್ಲಿ ಕಸೂತಿ ಹಾಕುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ, ಇಲ್ಲಿ ಯಾರಿಗೂ ಬರುವುದೂ ಇಲ್ಲ ಎಂದ. ಸೋಮವಾರ ಹೋದ ನಾಲ್ವರನ್ನು ಕರೆಸಿ ಎಂದರೆ ಕೆಲಸ ನಿಂತರೆ ನಷ್ಟ ಯಾರು ಕೊಡುತ್ತಾರೆ ಎಂದು ಎದುರುಬಿದ್ದ. ಬೇಕಾದರೆ ನಾಲ್ವರನ್ನೂ ಜೀಪಿನಲ್ಲಿ ಪೆದ್ರೊಸೆಲೊಗೆ ಒಯ್ಯುತ್ತೇನೆ, ನಿನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳುತ್ತೇನೆ ಎಂದು ಮೊರಾವ್ ಹೇಳಿದ ಮೇಲೆ ದಾರಿ ಬಿಟ್ಟ.

ನಾಲ್ವರಲ್ಲಿ ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ನಡುವಯಸ್ಸಿನ ಹೆಂಗಸು, ನಾಲ್ಕನೆಯವನು ಅರವತ್ತೊಂದರ ಫಿರ್ಮಿನು. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಯಾರು ಯಾವ ಕುರ್ಚಿ ಸರಿಮಾಡಿದರು ಎಂದರೆ ನಾಲ್ವರ ಬಾಯಿಗೂ ಬೀಗ. ಎಲ್ಲರೂ ಸೇರಿ ಮಾಡಿದೆವು, ಗನ್ನಿನಲ್ಲಿ ಹೊಡೆದೆವು ಎಂದಷ್ಟೇ ಹೇಳಿದರು. ಪೊಲೀಸರಿಗೆ ಒಬ್ಬರನ್ನೊಬ್ಬರು ಬಿಟ್ಟುಕೊಡುವ ಊರಲ್ಲ ಅದು.

ಮೊರಾವ್ ಬಟ್ಟೆ ಮುಚ್ಚದ ಕುರ್ಚಿಯೊಂದನ್ನು ಕಾರ್ಖಾನೆಯ ನಡುವಿಗೆ ಎಳೆಸಿದ. ನಾಲ್ಕು ಬಾಗು ಸೂಜಿ, ದಾರ ತರಿಸಿದ. ಒಬ್ಬೊಬ್ಬರು ಒಂದೊಂದು ಬದಿಗೆ ಒಂದು ಗೇಣು ಹೊಲಿಯಿರಿ ಎಂದ. ವಾಲ್ದೆಮಾರ್ ಮೂಗು ಮುರಿದ, ಹೊಲಿಗೆ ಕ್ಲಾಸು ನಡೆಸೋಕೆ ಬಂದಿರಾ ಎಂದು ಕೇಳಿದ.

ಅಣ್ಣತಮ್ಮಂದಿರ ದಾರ ಎರಡು ಸಲ ಗಂಟಾಯಿತು. ಹೆಂಗಸು ಹೊಲಿದಳು, ಆದರೆ ಹರಿದ ಕಾಲುಚೀಲಕ್ಕೆ ಹಾಕುವ ಹೊಲಿಗೆ ಅದು, ದಾರವೆಲ್ಲ ಮೇಲೆಯೇ ಕಾಣುತ್ತಿತ್ತು. ಫಿರ್ಮಿನು ಕೊನೆಯವನು. ಕಣ್ಣು ಸರಿಯಿಲ್ಲ, ಕೈ ನಡುಗುತ್ತದೆ ಎಂದ. ಪರವಾಗಿಲ್ಲ ಎಂದ ಮೊರಾವ್. ಮೇಸ್ತ್ರಿ ಮಂಡಿಯೂರಿ ಕೂತು ಹೊಲಿಯತೊಡಗಿದ. ಮೊದಲ ಹೊಲಿಗೆ ಉದ್ದ, ಎರಡನೆಯದು ಗಿಡ್ಡ, ಮೂರನೆಯದು ಓರೆ. ಬೇಕೆಂದೇ ಕೆಡಿಸುತ್ತಿದ್ದಾನೆ ಎಂದು ಕುರುಡನಿಗೂ ತಿಳಿಯುವಂತಿತ್ತು. ಆದರೂ ಅದರಿಂದ ಸಾಬೀತಾಗುವುದೇನೂ ಇರಲಿಲ್ಲ. ಕಿಂತೇಲ ಗಡಿಯಾರ ನೋಡಿದಳು. ಹನ್ನೊಂದು ಇಪ್ಪತ್ತು. ಆಸ್ಪತ್ರೆಯಲ್ಲಿ ದಿಯೊಲಿಂದಾಳ ಕೈ ಕೊಯ್ಯುತ್ತಿದ್ದರು, ಅವಳನ್ನು ಕೆಲಸದಿಂದ ತೆಗೆಯುವ ಪತ್ರಕ್ಕೆ ಇನ್ನು ಆರು ಗಂಟೆಯೂ ಇರಲಿಲ್ಲ.

ಐದನೇ ಹೊಲಿಗೆ ಹಾಕಿ ಫಿರ್ಮಿನು ನಿಂತ. ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದ. ಅಂಚಿನಲ್ಲಿ ಒಂದು ನಿರಿಗೆ ಎದ್ದಿತ್ತು. ಮುದುಕ ನಿರಿಗೆಯನ್ನು ನೋಡಿದ, ಬೇರೆ ಕಡೆ ನೋಡಿದ, ಮತ್ತೆ ನಿರಿಗೆಯನ್ನೇ ನೋಡಿದ. ಆಮೇಲೆ ಬಯ್ದುಕೊಂಡು ಐದೂ ಹೊಲಿಗೆಗಳನ್ನು ಕಿತ್ತ, ಬಟ್ಟೆ ಎಳೆದು ಕೂರಿಸಿ, ಒಂದು ಗೇಣನ್ನು ಎರಡು ನಿಮಿಷದಲ್ಲಿ ಹೊಲಿದು ಮುಗಿಸಿದ. ದಾರ ಎಲ್ಲೂ ಕಾಣಲಿಲ್ಲ. ಹೆಂಗಸು ಮುಖ ತಿರುಗಿಸಿಕೊಂಡಳು.

"ಹಾಗೇ ಬಿಟ್ಟಿದ್ರೆ ಉಳ್ಕೊಳ್ತಿದ್ರಿ ಮೇಸ್ತ್ರಿ," ಎಂದ ಮೊರಾವ್.

"ಗೊತ್ತು," ಎಂದ ಫಿರ್ಮಿನು. "ಹಂಗೆ ಬಿಡೋಕೆ ಆಗತ್ತಾ ಸಾಹೇಬ್ರೆ?"

ಬಂಧನದ ಸಮಯ ಹನ್ನೊಂದು ಮೂವತ್ತೈದು ಎಂದು ಕಿಂತೇಲ ಬರೆದಳು. ಅವನ ಚೀಲದಲ್ಲಿದ್ದ ಸೂಜಿಗಳು ಲಕೋಟೆಯ ಸೂಜಿಗಳಿಗೆ ಹೊಂದಿದವು. ಮಧ್ಯಾಹ್ನ ಎರಡೂವರೆಗೆ ಪಂಚರ ಎದುರು ಆರು ಕುರ್ಚಿಗಳ ತಳವನ್ನೂ ಬಿಚ್ಚಲಾಯಿತು. ಆರರಲ್ಲೂ ಒಳಗಿನ ಅಡ್ಡಪಟ್ಟಿಯ ಮೇಲೆ, ಹೊಸದಾಗಿ ಉಜ್ಜಿದ ಮರದಲ್ಲಿ, ಪೆನ್ಸಿಲಿನಿಂದ ಒಂದೇ ಬರಹವಿತ್ತು: ಎಮೀಲಿಯಾ, 1988.

ಠಾಣೆಯಲ್ಲಿ ಫಿರ್ಮಿನು ಮುಚ್ಚುಮರೆಯಿಲ್ಲದೆ ಹೇಳಿದ. ಕುರ್ಚಿಯನ್ನು ಮುಚ್ಚುವ ಮುಂಚೆ ಮುಚ್ಚಿದವರು ಒಳಗೆ ತಮ್ಮ ಹೆಸರು, ವರ್ಷ ಬರೆಯುವುದು ಲೋರ್ದೆಲುವಿನ ರೂಢಿ. ಮುಂದೆ ಅದನ್ನು ಬಿಚ್ಚುವವರು ಓದಿ, ಕೆಳಗೆ ತಮ್ಮ ಹೆಸರು ಸೇರಿಸುತ್ತಾರೆ. ಆ ನಲವತ್ತು ಕುರ್ಚಿಗಳಿಗೆ 1988ರಲ್ಲಿ ಕುಷನ್ ಹಾಕಿದವಳು ಅವನ ಹೆಂಡತಿ ಎಮೀಲಿಯಾ, ಕಲಿಸಿದವನು ಅವನು. ಅವಳು ಸತ್ತು ಮೂರು ವರ್ಷವಾಗಿತ್ತು. ಅವಳು ಕೈಯಾರೆ ಬರೆದದ್ದೆಂದು ಮನೆಯಲ್ಲಿ ಒಂದು ಚೀಟಿಯೂ ಇರಲಿಲ್ಲ. ವಾಲ್ದೆಮಾರ್ ಮಿಷನ್ನು ಹಿಡಿಸಿ ಎಲ್ಲ ಚೌಕಟ್ಟುಗಳನ್ನೂ ಉಜ್ಜಿಸಿದ. ಸರ್ಮೆಂತುವಿನ ಅಪ್ಪಣೆ, ಒಳಗೂ ಹೊಸದಾಗಿ ಕಾಣಬೇಕಂತೆ. ಒಂದೇ ಒಂದು ಪಟ್ಟಿ ಬಿಡಿ ಎಂದು ಫಿರ್ಮಿನು ಕೇಳಿಕೊಂಡ. ಫಸ್ಟ್ ಕ್ಲಾಸಿನವರು ಕೂಲಿಯವರ ಹೆಸರಿನ ಮೇಲೆ ಕೂರುವುದಿಲ್ಲ ಎಂದರು, ಇಬ್ಬರೂ ನಕ್ಕರು. ಸೋಮವಾರ ಬಿಚ್ಚಲು ಸಿಕ್ಕ ಆರರಲ್ಲಿ ಫಿರ್ಮಿನು ತಾನೇ ಅವಳ ಹೆಸರನ್ನು ಮತ್ತೆ ಬರೆದ, ಸೂಜಿ ಇಟ್ಟು ಮುಚ್ಚಿದ. ಗುರುವಾರ ಮೊದಲು ಕೂರುವವರು ಆ ನಕ್ಕವರೂ ಅವರ ದೊಡ್ಡವರೂ ಎಂದು ಅವನಿಗೆ ಗೊತ್ತಿತ್ತು.

"ಅವರಿಗೆ ಅಂತಲೇ ಇಟ್ಟೆ. ಬರ್ಕೊಳಿ. ಪಶ್ಚಾತ್ತಾಪ ಇಲ್ಲ."

ಅವರು ಕೂರುವ ಮೊದಲು ಕುರ್ಚಿಯನ್ನು ಯಾರು ಮುಟ್ಟುತ್ತಾರೆ ಎಂದು ಮೊರಾವ್ ಕೇಳಿದ. ಪೊಲೀಸರು ಸೂಜಿ ಕಂಡು ಬಂದಿದ್ದಾರೆ ಎಂದಷ್ಟೇ ಫಿರ್ಮಿನು ತಿಳಿದಿದ್ದ. ಯಾರಿಗೆ ಚುಚ್ಚಿತೆಂದು ಅಲ್ಲಿಯವರೆಗೆ ಅವನಿಗೆ ಯಾರೂ ಹೇಳಿರಲಿಲ್ಲ. ಮೊರಾವ್ ಹೇಳಿದ. ಡಾಕ್ಟರು ಮಧ್ಯಾಹ್ನ ಫೋನು ಮಾಡಿದ್ದನ್ನೂ ಹೇಳಿದ. ಮೊನೆ ಹೊರಬಂದಿದೆ, ಹೆಬ್ಬೆರಳು ಇನ್ನು ಅರ್ಧವಷ್ಟೇ ಮಡಚುತ್ತದೆ.

"ಯಾವ ಕೈ?"

"ಬಲಗೈ."

ಮುದುಕ ತನ್ನ ಬಲಗೈಯನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮೊರಾವ್‌ಗೆ ಕನಿಕರವೂ ಸಿಟ್ಟೂ ಒಟ್ಟಿಗೇ ಬಂದವು. ಕಡತದಿಂದ ದಿಯೊಲಿಂದಾಳ ಹೇಳಿಕೆ ತೆಗೆದು, ಈ ಕುರ್ಚಿಗೆ ತಟ್ಟುವುದೇ ಬೇಕಿರಲಿಲ್ಲ ಎಂಬಲ್ಲಿಂದ ಆಸೆಗೆ ಕೈ ಒತ್ತಿ ನೋಡಿದೆ ಎಂಬವರೆಗೆ ಓದಿದ. ಫಿರ್ಮಿನು ಇನ್ನೊಂದು ಸಲ ಓದಿ ಎಂದ. ಮೊರಾವ್ ಇನ್ನೊಂದು ಸಲ ಓದಿದ.

ನಾಲ್ಕು ಐವತ್ತಕ್ಕೆ ಕಿಂತೇಲ ಬಂಧನದ ಪತ್ರದ ನಕಲನ್ನು ಲೌಂಜಿಗೆ ಒಯ್ದು ಸರ್ಮೆಂತುವಿನ ಕೈಯಲ್ಲಿಟ್ಟು, ಅವನು ದಿಯೊಲಿಂದಾಳ ಪತ್ರವನ್ನು ಹರಿಯುವವರೆಗೆ ಅಲ್ಲೇ ನಿಂತಿದ್ದು ಬಂದಳು. ಅಷ್ಟರಲ್ಲಿ ಫಿರ್ಮಿನುವಿನ ಹೇಳಿಕೆ ಟೈಪಾಗಿ ಬಂದಿತ್ತು. ಅವನು ಸಹಿ ಮಾಡುವ ಮುಂಚೆ, ಪಶ್ಚಾತ್ತಾಪ ಇಲ್ಲ ಎಂಬ ಸಾಲನ್ನು ಹೊಡೆದುಹಾಕಿ ಎಂದ.

"ಆ ಕೆಲಸ ಚೆನ್ನಾಗಿದೆ ಅಂತ ಅಂದೋಳು ಆಯಮ್ಮ ಒಬ್ಬಳೇ ಸಾಹೇಬ್ರೆ," ಎಂದ.

ಮೊರಾವ್ ಸಾಲನ್ನು ಹೊಡೆದ, ಪಕ್ಕದಲ್ಲಿ ಸಮಯ ಬರೆದ, ಪೆನ್ನನ್ನು ಅವನ ಕಡೆಗೆ ಸರಿಸಿದ.