ಎಂಟನೇ ನಂಬರಿನ ಮೂಗು

"ಬಟಾಣೀ, ಮೇಲಿನ ಸಾಲು ಮುಗೀತಾ?" ಬಚ್ಚಲಿನಿಂದ ಅಮ್ಮ ಕೂಗಿದಳು.

"ಮುಗೀತಾ ಇದೆ!"

ಮುಗಿಯುತ್ತಿರಲಿಲ್ಲ. ಬಟಾಣಿ ಬೀರುವಿನ ಮುಂದೆ ಸ್ಟೂಲಿನ ಮೇಲೆ ನಿಂತು, ಏಳನೇ ಡಬ್ಬದವರೆಗೆ ಬಂದು, ಅಲ್ಲೇ ನಿಂತುಬಿಟ್ಟಿದ್ದಳು. ಕೈಯಲ್ಲಿ ಅಪ್ಪನ ಹಳೆಯ ಬ್ರಷ್ಷು ಇತ್ತು. ಅಪ್ಪ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. ಬಣ್ಣಕ್ಕೆ ಬಾರದಷ್ಟು ಸವೆದ ಬ್ರಷ್ಷುಗಳೆಲ್ಲ ಮನೆಗೆ ಬಂದು ಧೂಳು ಹೊಡೆಯುವ ಕೆಲಸಕ್ಕೆ ಸೇರುತ್ತಿದ್ದವು.

ಮಾಮನ ಕಾರುಗಳ ಧೂಳು ತೆಗೆಯುವುದು ಬಟಾಣಿಯ ಭಾನುವಾರದ ಕೆಲಸ. ಒಟ್ಟು ಹನ್ನೆರಡು ರೇಸ್ ಕಾರುಗಳು. ಒಂದೊಂದೂ ದೊಡ್ಡವರ ತೋರುಬೆರಳಿನಷ್ಟು ಉದ್ದ, ಪೂರ್ತಿ ಮೆಟಲ್ಲಿನದು. ಒಂದೊಂದಕ್ಕೂ ಒಂದೊಂದು ರಟ್ಟಿನ ಡಬ್ಬ, ಡಬ್ಬದ ಮುಂದೆ ಗಾಜಿನಂಥ ಪ್ಲಾಸ್ಟಿಕ್ಕು. ಬಟಾಣಿಯ ಬ್ರಷ್ಷು ಓಡಾಡುವುದು ಡಬ್ಬದ ಹೊರಗೆ ಮಾತ್ರ. ಒಳಗೆ ಕೈ ಹಾಕಬಹುದಾದವನು ಮಾಮನೊಬ್ಬನೇ. ಅವನೂ ಬಿಳಿ ಗ್ಲೌಸ್ ಹಾಕಿಕೊಂಡೇ ಮುಟ್ಟುತ್ತಿದ್ದ.

"ಇವು ಆಡೋ ಕಾರಲ್ಲ ಕಣೇ," ಎಂದು ಅವನು ಸಾವಿರ ಸಲ ಹೇಳಿದ್ದ. "ಬೆರಳಿನ ಬೆವರು ತಾಗಿದ್ರೂ ರೇಟ್ ಇಳಿಯುತ್ತೆ."

"ಆಡದೇ ಇರೋ ಕಾರು ಯಾಕೆ ಮಾಮಾ?"

"ನೋಡೋಕೆ."

"ನೋಡಿ ನೋಡಿ ಬೋರಾದ್ರೆ?"

"ಮಾರೋಕೆ."

ಮಾರುವ ದಿನ ಇವತ್ತೇ ಆಗಿತ್ತು. ಮಾಮ ಸೈಕಲ್ಲಿನಲ್ಲಿ ಮನೆಮನೆಗೆ ಪಾರ್ಸೆಲ್ ಹಂಚುತ್ತಿದ್ದ. ಈ ಊರಿನಲ್ಲಿ ಏರುರಸ್ತೆಗಳೇ ಹೆಚ್ಚು. ಸಂಜೆ ಮನೆಗೆ ಬಂದರೆ ಮಂಡಿಗೆ ಮುಲಾಮು ಹಚ್ಚಿಕೊಂಡು ಕೂರುವುದೇ ಆಗಿತ್ತು. ಕಾರುಗಳನ್ನು ಮಾರಿದರೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತದೆ. ಸ್ಕೂಟರ್ ಇನ್ನೂ ಬಂದಿರಲಿಲ್ಲ, ಹೆಲ್ಮೆಟ್ ಮಾತ್ರ ಬಂದು ಹದಿನೈದು ದಿನವಾಗಿತ್ತು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ," ಎಂದು ಅಮ್ಮ ನಕ್ಕಿದ್ದಳು.

"ಆಫರ್ ಇತ್ತಕ್ಕಾ," ಎಂದಿದ್ದ ಮಾಮ.

ಬಟಾಣಿ ಕಣ್ಣು ಮುಚ್ಚಿ ಎಂಟನೇ ಡಬ್ಬದ ಮೇಲೆ ಬ್ರಷ್ಷು ಆಡಿಸಿದಳು. ಎರಡು ತಿಂಗಳಿಂದ ಆ ಡಬ್ಬಕ್ಕೆ ಮಾತ್ರ ಕಣ್ಣು ಮುಚ್ಚಿಯೇ ಬ್ರಷ್ಷು ಬೀಳುತ್ತಿತ್ತು.

ಎರಡು ತಿಂಗಳ ಹಿಂದೆ ಸ್ಕೂಲಿಗೆ ರಜೆ ಇದ್ದ ಒಂದು ದಿನ ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ಬಟಾಣಿ ಎಂಟನೇ ನಂಬರಿನ ಕೆಂಪು ಕಾರನ್ನು ಡಬ್ಬದಿಂದ ಹೊರಗೆ ತೆಗೆದಳು. ಕಿಟಕಿಯ ಕಟ್ಟೆಯ ಮೇಲೆ ಓಡಿಸಿದಳು. ಎಷ್ಟು ನುಣ್ಣಗೆ ಓಡಿತೆಂದರೆ, ಬಾಯಲ್ಲಿ 'ಝೂಂ' ಎನ್ನುವಷ್ಟರಲ್ಲಿ ಆ ತುದಿ ಮುಟ್ಟುತ್ತಿತ್ತು. ಎರಡು ಸಲ ಆ ತುದಿಯಲ್ಲಿ ನಿಂತಿತು. ಮೂರನೇ ಸಲ ನಿಲ್ಲಲಿಲ್ಲ.

ಕಾರು ಮೂಗು ಕೆಳಗಾಗಿ ನೆಲಕ್ಕೆ ಬಿತ್ತು. ಮೂಗಿನ ತುದಿಯಲ್ಲಿ ಎಳ್ಳಿನಷ್ಟು ಬಣ್ಣ ಹೋಗಿ ಬೆಳ್ಳಗೆ ಮೆಟಲ್ ಕಾಣಿಸಿತು. ಬಟಾಣಿ ಅದನ್ನು ಮೂಗು ಹಿಂದೆ ಬರುವ ಹಾಗೆ ತಿರುಗಿಸಿ ಡಬ್ಬದೊಳಗಿಟ್ಟಳು. ಆಮೇಲೆ ಒಂದು ದಿನವೂ ಅತ್ತ ನೋಡಿರಲಿಲ್ಲ.

ಬಾಗಿಲ ಬೆಲ್ಲು ಸದ್ದು ಮಾಡಿತು. ಅವಳ ಕೈಯಿಂದ ಬ್ರಷ್ಷು ಜಾರಿತು.

"ಅಯ್ಯೋ, ಹನ್ನೊಂದಕ್ಕೆ ಬರ್ತೀನಿ ಅಂದಿದ್ರು!" ಮಾಮ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಓಡಿದ. "ಅಕ್ಕಾ, ಟೇಬಲ್ ಮೇಲಿನ ಸಾಮಾನು ತೆಗಿ!"

"ನಂಗೇನು ನಾಲ್ಕು ಕೈ ಇದ್ಯಾ? ಒದ್ದೆ ಬಟ್ಟೆ ಹಿಡ್ಕೊಂಡಿದೀನಿ."

ಬಂದವರು ಸಣಕಲು ಮನುಷ್ಯ. ಕೊರಳಿನಲ್ಲಿ ದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ ತೂಗಾಡುತ್ತಿತ್ತು. ಇಂಥ ಕಾರುಗಳನ್ನು ಕೊಂಡು ಮಾರುವುದೇ ಅವರ ಕೆಲಸ. "ಮೊದಲನೇ ಬಸ್ಸೇ ಸಿಕ್ಕಿಬಿಡ್ತು," ಎಂದರು. ಬಟಾಣಿ ಮನಸ್ಸಿನಲ್ಲೇ ಅವರಿಗೆ 'ಭೂತಗನ್ನಡಿ' ಎಂದು ಹೆಸರಿಟ್ಟಳು.

ಮಾಮ ಟೇಬಲ್ಲಿನ ಮೇಲೆ ಒಗೆದ ಟವೆಲ್ ಹಾಸಿ, ಹನ್ನೆರಡು ಡಬ್ಬಗಳನ್ನು ಸಾಲಾಗಿ ಜೋಡಿಸಿದ. ಗ್ಲೌಸ್ ಹಾಕಿಕೊಂಡ. ಅಪ್ಪ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಟೀ ಕುಡಿಯುತ್ತಾ ಕೂತಿದ್ದ. ಬಟಾಣಿ ಬ್ರಷ್ಷು ಎತ್ತಿಕೊಂಡು ಬೀರುವಿನ ಪಕ್ಕ ನಿಂತಳು.

ಭೂತಗನ್ನಡಿಗೆ ಅವಸರವೇ ಇರಲಿಲ್ಲ. ಮೊದಲು ಡಬ್ಬದ ನಾಲ್ಕು ಮೂಲೆ ನೋಡಿದರು. ಆಮೇಲೆ ಕಾರಿನ ಚಕ್ರ, ಕಾರಿನ ಹೊಟ್ಟೆ, ಕೊನೆಗೆ ಬಣ್ಣ. ನೋಡಿ ಮುಗಿದದ್ದನ್ನು ಬಲಗಡೆ ಇಡುತ್ತಾ ಹೋದರು.

"ಚೆನ್ನಾಗಿ ಇಟ್ಕೊಂಡಿದೀರಿ."

"ಮಕ್ಕಳ ಥರ ನೋಡ್ಕೊಂಡಿದೀನಿ ಸರ್."

"ಮಕ್ಕಳಿಗಿಂತ ಚೆನ್ನಾಗಿ," ಎಂದಳು ಅಮ್ಮ. "ಮಕ್ಕಳಿಗೆ ಯಾರು ಗ್ಲೌಸ್ ಹಾಕ್ಕೊಂಡು ಊಟ ಹಾಕ್ತಾರೆ?"

ಭೂತಗನ್ನಡಿ ನಕ್ಕರು. ಏಳು ಕಾರು ಬಲಗಡೆಗೆ ಹೋದವು.

"ಈಗ ಎಂಟು. ನಿಜ ಹೇಳ್ಬೇಕು ಅಂದ್ರೆ ನಾನು ಬಂದಿದ್ದೇ ಇದಕ್ಕೆ. ಕಂಪನಿಯವರು ಇದನ್ನ ಸ್ವಲ್ಪವೇ ಮಾಡಿದ್ರು. ಉಳಿದ ಹನ್ನೊಂದು ಒಂದು ತೂಕ, ಇದೊಂದೇ ಒಂದು ತೂಕ."

ಮಾಮ ಕೆಂಪು ಕಾರನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ತೆಗೆದ. ಬಟಾಣಿ ಕಣ್ಣು ಮುಚ್ಚಿದಳು. ಯಾರೂ ಏನೂ ಅನ್ನಲಿಲ್ಲ. ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು.

ಕಾರಿನ ಮೂಗು ನೆಟ್ಟಗಿತ್ತು.

ಅವಳು ಇನ್ನೂ ಒಂದು ಹೆಜ್ಜೆ ಹತ್ತಿರ ಹೋದಳು. ಎಳ್ಳಿನಷ್ಟು ಬಿಳಿ ಎಲ್ಲೂ ಇರಲಿಲ್ಲ. ಮೂಗಿನ ತುದಿಯವರೆಗೂ ಕೆಂಪು ಫಳಫಳ ಹೊಳೆಯುತ್ತಿತ್ತು. ಹಾಗಾದರೆ ತಾನು ಕಂಡದ್ದು ಕನಸೇ? ಎರಡು ತಿಂಗಳು ಸುಮ್ಮನೆ ಹೆದರಿದ್ದೇ? ನಗು ಬಂದುಬಿಟ್ಟಿತು. ಬ್ರಷ್ಷನ್ನು ಬಾಯಿಗೆ ಅಡ್ಡ ಹಿಡಿದಳು.

"ಸ್ವಲ್ಪ ಕರ್ಟನ್ ಎಳೀತೀರಾ?" ಭೂತಗನ್ನಡಿ ಚೀಲದಿಂದ ಪೆನ್ನಿನಷ್ಟು ಸಣ್ಣ ಟಾರ್ಚ್ ತೆಗೆದರು. "ರೇಟ್ ಜಾಸ್ತಿ ಇರೋದಕ್ಕೆ ಈ ಟೆಸ್ಟೂ ಮಾಡ್ಬೇಕು."

ಅಪ್ಪ ಕರ್ಟನ್ ಎಳೆದ. ಟಾರ್ಚಿನಿಂದ ನೇರಳೆ ಬಣ್ಣದ ಬೆಳಕು ಬಂತು. ಆ ಬೆಳಕಿನಲ್ಲಿ ಕಾರು ಪೂರ್ತಿ ಕಪ್ಪಗೆ ಕಂಡಿತು. ಮೂಗಿನ ತುದಿಯಲ್ಲಿ ಮಾತ್ರ ಹೆಸರುಕಾಳಿನಷ್ಟು ಜಾಗ ಬೇರೆ ಬಣ್ಣದಲ್ಲಿ ಹೊಳೆಯಿತು.

ಭೂತಗನ್ನಡಿ ಟಾರ್ಚ್ ಆರಿಸಿದರು. ಮತ್ತೆ ಹಾಕಿದರು. ಮತ್ತೆ ಆರಿಸಿದರು.

"ಇದು ಒರಿಜಿನಲ್ ಬಣ್ಣ ಅಲ್ಲ."

"ಒರಿಜಿನಲ್ಲೇ ಸರ್," ಎಂದ ಮಾಮ.

"ಮೂಗಿಗೆ ಆಮೇಲೆ ಯಾರೋ ಬಣ್ಣ ಹಚ್ಚಿದಾರೆ."

"ಸಾಧ್ಯಾನೇ ಇಲ್ಲ. ಡಬ್ಬದಿಂದ ಅದನ್ನ ನಾನೇ ತೆಗೆದು ವರ್ಷ ಆಯ್ತು."

"ನನ್ನ ಕಣ್ಣು ತಪ್ಪಬಹುದು. ಈ ಲೈಟು ತಪ್ಪಲ್ಲ." ಅವರ ದನಿ ಜೋರಾಗಲಿಲ್ಲ. ಆದರೆ ಮೊದಲಿನ ಹಾಗೂ ಇರಲಿಲ್ಲ. "ನೋಡಿ, ಮೂಗಿನ ಬಣ್ಣ ಸ್ವಲ್ಪ ಕಿತ್ತುಹೋಗಿದೆ ಅಂತ ಹೇಳಿದ್ರೆ ಕಾಲು ಭಾಗ ಕಮ್ಮಿ ಮಾಡಿ ಸಂತೋಷವಾಗಿ ತಗೊಂಡು ಹೋಗ್ತಿದ್ದೆ. ಹಳೇ ಕಾರು ಅಂದ್ರೆ ಬೀಳುತ್ತೆ, ಏಳುತ್ತೆ. ಬಣ್ಣ ಹಚ್ಚಿಬಿಟ್ರೆ ಅರ್ಧಕ್ಕೂ ಯಾರೂ ಕೇಳಲ್ಲ. ಹಚ್ಚಿ ಹೇಳದೇ ಇರೋದು ಇನ್ನೂ ಬೇರೆ ವಿಷಯ."

ಬಟಾಣಿಗೆ ಇದು ಅರ್ಥವಾಗಲಿಲ್ಲ. ಅಪ್ಪನ ಗ್ಯಾರೇಜಿನಲ್ಲಿ ಎಲ್ಲ ಇದಕ್ಕೆ ಉಲ್ಟಾ. ಸೊಟ್ಟಗಾದ ಕಾರು ಬರುತ್ತದೆ, ಅಪ್ಪ ತಟ್ಟಿ, ಉಜ್ಜಿ, ಬಣ್ಣ ಹೊಡೆಯುತ್ತಾನೆ, ಕಾರಿನ ಬೆಲೆ ಏರುತ್ತದೆ. ಇಲ್ಲಿ ನೋಡಿದರೆ ಗಾಯಕ್ಕಿಂತ ಗಾಯ ಮುಚ್ಚಿದ್ದಕ್ಕೇ ಹೆಚ್ಚು ದಂಡ.

"ಒಂದು ಹೀಗಾದ್ರೆ ಉಳಿದ ಹನ್ನೊಂದನ್ನ ನಾನು ಹೇಗೆ ನಂಬಲಿ ಹೇಳಿ?" ಭೂತಗನ್ನಡಿ ಟಾರ್ಚನ್ನು ಚೀಲಕ್ಕೆ ಹಾಕಿದರು. "ಇಂಥ ಕಾರು ಕೊಳ್ಳೋರ ನಮ್ಮ ಗ್ರೂಪಲ್ಲಿ ಇನ್ನೂರು ಜನ ಇದಾರೆ. ನಾಳೆ ನೀವು ಅವರಲ್ಲಿ ಯಾರ ಹತ್ರಾನಾದ್ರೂ ಹೋಗ್ಬಹುದು. ನಾನು ಹೇಳಲೇಬೇಕಾಗುತ್ತೆ."

"ನಾನು ಮೋಸ ಮಾಡಿಲ್ಲ ಸರ್." ಮಾಮ ಗ್ಲೌಸನ್ನು ಒಂದೊಂದೇ ಬೆರಳು ಹಿಡಿದು ಕಳಚುತ್ತಿದ್ದ. "ನಂಗೆ ಬಣ್ಣ ಹಚ್ಚೋಕೇ ಬರಲ್ಲ."

"ಅದನ್ನ ಮಾತ್ರ ಒಪ್ಪುತ್ತೀನಿ." ಭೂತಗನ್ನಡಿ ಕಾರನ್ನು ಇನ್ನೊಮ್ಮೆ ಕಣ್ಣಿನ ಹತ್ತಿರ ಹಿಡಿದರು. "ಇದು ಕಲಿತ ಕೈ. ಬಣ್ಣ ಎಲ್ಲಿ ಶುರುವಾಯ್ತು, ಎಲ್ಲಿ ಮುಗೀತು, ಗೊತ್ತೇ ಆಗಲ್ಲ. ಟಾರ್ಚ್ ಇಲ್ದೇ ಇದ್ದಿದ್ರೆ ನಾನೂ ಮೋಸ ಹೋಗ್ತಿದ್ದೆ."

ಅಮ್ಮ ತಿರುಗಿ ಅಪ್ಪನ ಕಡೆ ನೋಡಿದಳು.

ಅಪ್ಪ ಟೀ ಲೋಟ ಬಾಯಿಗೆ ಇಟ್ಟುಕೊಂಡಿದ್ದ. ಲೋಟ ಆಗಲೇ ಖಾಲಿಯಾಗಿತ್ತು. ಅವನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಯಾವುದಾದರೂ ಒಂದು ಬಣ್ಣ ಇರುತ್ತಿತ್ತು. ಇವತ್ತು ನೀಲಿ ಇತ್ತು. ಆ ಉಗುರನ್ನು ಅವನು ತೋರುಬೆರಳಿನಿಂದ ಕೆರೆಯುತ್ತಿದ್ದ.

ಬಟಾಣಿಗೆ ಗ್ಯಾರೇಜಿನಲ್ಲಿ ಕಂಡದ್ದು ನೆನಪಾಯಿತು. ಒಮ್ಮೆ ಒಬ್ಬಾತ ತನ್ನ ಕಾರಿನ ಬಾಗಿಲ ಮೇಲೆಲ್ಲ ಕೈ ಸವರಿ, "ಗುದ್ದಿದ್ದು ಎಲ್ಲಿ ಅಂತಾನೇ ಮರೆತುಹೋಯ್ತು ಮಾರಾಯ್ರೆ," ಎಂದಿದ್ದ. ಅವತ್ತು ಇಡೀ ದಿನ ಅಪ್ಪ ಸಿಳ್ಳೆ ಹಾಕುತ್ತಿದ್ದ. "ಮಾಡಿದ ಕೆಲಸ ಕಾಣ್ಬಾರ್ದು ಮಗಳೇ," ಎಂದಿದ್ದ. "ಅದೇ ಒಳ್ಳೇ ಕೆಲಸ."

ಇನ್ನೊಂದೂ ನೆನಪಾಯಿತು. ಕಾರು ಬಿದ್ದ ಮೇಲೆ ಒಂದು ಬೆಳಿಗ್ಗೆ ಅಪ್ಪ ಅವಳನ್ನು ಸ್ಕೂಲಿನ ಗೇಟಿನವರೆಗೆ ಬಿಡಲು ಬಂದಿದ್ದ. ಚೀಲವನ್ನು ಹೆಗಲಿಗೆ ಏರಿಸುತ್ತಾ, "ನಂಗೆ ಏನಾದ್ರೂ ಹೇಳೋದಿದ್ಯಾ?" ಎಂದು ಕೇಳಿದ್ದ.

ಅವಳಿಗೆ ಗಣಿತದ ಟೆಸ್ಟ್ ನೆನಪಾಗಿತ್ತು. "ಇಲ್ವಲ್ಲಾ," ಎಂದಿದ್ದಳು.

"ಸರಿ. ಇದ್ದಾಗ ಹೇಳು."

ಅಷ್ಟು ಹೇಳಿ ಅವನು ಹೊರಟುಹೋಗಬೇಕಾಗಿತ್ತು, ಗ್ಯಾರೇಜಿಗೆ ಹೊತ್ತಾಗಿತ್ತು. ಆದರೆ ಅವಳು ಕ್ಲಾಸಿನ ಮೆಟ್ಟಿಲು ಹತ್ತಿ ತಿರುಗಿ ನೋಡಿದಾಗಲೂ ಗೇಟಿನ ಹತ್ತಿರವೇ ನಿಂತಿದ್ದ. ಆಗ ಅವಳು ಕೈ ಬೀಸಿ ಒಳಗೆ ಓಡಿದ್ದಳು.

ಭೂತಗನ್ನಡಿ ಚೀಲದ ಜಿಪ್ ಎಳೆದರು. ಮಾಮ ಡಬ್ಬಗಳನ್ನು ಒಂದರ ಮೇಲೊಂದು ಇಡತೊಡಗಿದ. ಯಾವ ಡಬ್ಬದಲ್ಲಿ ಯಾವ ಕಾರು ಎಂದು ಕೂಡ ನೋಡುತ್ತಿರಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಹೊಸ ಹೆಲ್ಮೆಟ್ ನೇತಾಡುತ್ತಿತ್ತು. ಅದರ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ.

"ಸರ್, ಒಂದು ನಿಮಿಷ," ಅಪ್ಪ ಎದ್ದು ನಿಂತ. ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. "ಇವನದ್ದೇನೂ ತಪ್ಪಿಲ್ಲ. ಬಣ್ಣ ಹಚ್ಚಿದ್ದು ನಾನು."

"ಭಾವಾ?" ಮಾಮನ ಕೈ ನಿಂತಿತು.

"ನಿಂಗೆ ಒಳ್ಳೇದಾಗ್ಲಿ ಅಂತಾನೇ ಹಚ್ಚಿದ್ದು ಕಣೋ. ಬಣ್ಣ ಹಚ್ಚಿದ್ರೆ ರೇಟ್ ಬೀಳುತ್ತೆ ಅಂತ ನಂಗೇನು ಗೊತ್ತು? ನಮ್ಮಲ್ಲಿ ಏರುತ್ತೆ."

"ಅದು ಸರಿ ಭಾವ. ಮೂಗಿನ ಬಣ್ಣ ಕಿತ್ತುಹೋಗಿದ್ದು ಹೇಗೆ?"

ಅಪ್ಪ ಬಟಾಣಿಯ ಕಡೆ ನೋಡಲಿಲ್ಲ. ಕೋಣೆಯಲ್ಲಿ ಇದ್ದ ಉಳಿದವರನ್ನೆಲ್ಲ ನೋಡಿದ, ಗೋಡೆ ನೋಡಿದ, ಕರ್ಟನ್ ನೋಡಿದ. ಬೀರುವಿನ ಪಕ್ಕ ಮಾತ್ರ ನೋಡಲಿಲ್ಲ. ತಾನು ಎರಡು ತಿಂಗಳು ಎಂಟನೇ ಡಬ್ಬವನ್ನು ನೋಡದೆ ಇದ್ದದ್ದೂ ಹೀಗೆಯೇ ಎಂದು ಬಟಾಣಿಗೆ ಅನ್ನಿಸಿತು.

"ನನ್ನ ಕೈಯಿಂದ ಜಾರಿ ಬಿತ್ತು," ಎಂದ ಅಪ್ಪ.

"ನಿಮ್ಮ ಕೈಯಿಂದಾನಾ?" ಅಮ್ಮ ಕೇಳಿದಳು. "ನೀವು ಯಾವತ್ತು ಅದನ್ನ ಮುಟ್ಟಿದ್ರಿ?"

"ಮುಟ್ಟಿದ್ದೆ ಕಣೇ, ಯಾವತ್ತೋ ಒಂದಿನ. ಈಗ ಆ ಲೆಕ್ಕ ಯಾಕೆ?"

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು. ಭೂತಗನ್ನಡಿ ಅವನ ಮುಖವನ್ನೇ, ಡಬ್ಬದ ಮೂಲೆಗಳನ್ನು ನೋಡುವ ಹಾಗೆ, ನಿಧಾನವಾಗಿ ನೋಡುತ್ತಿದ್ದರು.

ಬಟಾಣಿ ಬ್ರಷ್ಷನ್ನು ಸ್ಟೂಲಿನ ಮೇಲಿಟ್ಟಳು. ಟೇಬಲ್ಲಿನ ಹತ್ತಿರ ಬಂದು ಕೆಂಪು ಕಾರನ್ನು ನೋಡಿದಳು. ಈಗ ಗೊತ್ತಿದ್ದೂ ಅವಳಿಗೆ ಆ ಜಾಗ ಕಾಣಿಸಲಿಲ್ಲ. ಕರ್ಟನ್ ಇನ್ನೂ ಎಳೆದೇ ಇತ್ತು, ಎಲ್ಲರ ಮುಖವೂ ಅರ್ಧ ಮಾತ್ರ ಕಾಣುತ್ತಿತ್ತು.

"ಅಪ್ಪಾ," ಎಂದಳು.

ಅಪ್ಪ ಬೇಡವೆನ್ನುವಂತೆ ತಲೆ ಅಲ್ಲಾಡಿಸಿದ. ಅಷ್ಟು ಸಣ್ಣಗೆ ಅಲ್ಲಾಡಿಸಿದ್ದನ್ನು ಅವಳೊಬ್ಬಳೇ ಕಂಡಳು.

"ನಾನು ಅದನ್ನ ಬೀಳಿಸಿದ್ದು ನಿಂಗೆ ಯಾವತ್ತು ಗೊತ್ತಾಯ್ತು?"